ಬಾಟಲ್ ಟ್ರ್ಯಾಪ್ ಬಿಚ್ಚುವ ಮುಂಚೆ ಕೇಳಬೇಕಾದ ಮಾತು

ನನ್ನ ಬಲಗೈ ಮಣಿಕಟ್ಟಿನ ಮೇಲೆ ಎರಡು ಬೆರಳಗಲದ ಒಂದು ಕಲೆ ಇದೆ. ಪ್ಲಂಬಿಂಗ್ ಕಲಿಯೋಕೆ ಅಂತ ನನ್ನ ಜೊತೆ ಸೇರುವ ಹುಡುಗರಿಗೆ ರೆಂಚ್ ಹಿಡಿಯೋದು ಹೇಳಿಕೊಡುವ ಮೊದಲು ಆ ಕಲೆ ತೋರಿಸುತ್ತೇನೆ.

2017ರ ಮಾತು. ಬೆಂಗಳೂರಿನ ಮಹದೇವಪುರದ ಕಡೆ ಒಂದು ಹುಡುಗರ ಪಿಜಿ. ಮೂರನೇ ಮಹಡಿಯ ವಾಷ್ ಬೇಸಿನ್‌ನಲ್ಲಿ ನೀರು ಇಳೀತಿಲ್ಲ ಅಂತ ಫೋನ್ ಬಂತು. ಆರು ಜನಕ್ಕೆ ಒಂದೇ ಬೇಸಿನ್. ಆರೂ ಜನ ಬೆಳಗ್ಗೆ ಎಂಟರೊಳಗೆ ಗಡ್ಡ ಕೆರೆದುಕೊಂಡು ಕೆಲಸಕ್ಕೆ ಓಡೋರು. ನಾನು ಹೋದಾಗ ಬೇಸಿನ್ ಅರ್ಧ ತುಂಬಿತ್ತು. ಬೂದುಬಣ್ಣದ ನೀರು, ಮೇಲೆ ಅಲ್ಲಲ್ಲಿ ನೊರೆ, ಸುತ್ತಲೂ ಅಂಚಿಗೆ ರವೆಯಷ್ಟು ಸಣ್ಣ ಕೂದಲು ಗೆರೆ ಎಳೆದ ಹಾಗೆ ಅಂಟಿಕೊಂಡಿತ್ತು. ನೋಡಿದ ಕೂಡಲೇ ಕಾರಣ ತಿಳಿಯಿತು. ಯಾರನ್ನೂ ಏನೂ ಕೇಳಲಿಲ್ಲ. ಕೆಳಗೆ ಬಕೆಟ್ ಇಟ್ಟು, ಬೇಸಿನ್ ಅಡಿಯ ಪೈಪಿಗೆ ಬಾಟಲಿಯ ಹಾಗೆ ಜೋಡಿಸಿರುವ ಬಾಟಲ್ ಟ್ರ್ಯಾಪಿನ ಬಟ್ಟಲು ತಿರುಗಿಸಿದೆ.

ನೀರು ಕೈಮೇಲೆ ಹರಿದು ಬಂತು. ಮೊದಲು ಉರಿಯಲಿಲ್ಲ, ಸೋಪು ಹಚ್ಚಿದ ಹಾಗೆ ಜಾರುತ್ತಿತ್ತು ಅಷ್ಟೇ. ಶೇವಿಂಗ್ ಕ್ರೀಮಿನ ಜಿಡ್ಡು ಇರಬೇಕು ಅಂದುಕೊಂಡು ಇನ್ನೂ ಒಂದೆರಡು ನಿಮಿಷ ಕೆಲಸ ಮುಂದುವರಿಸಿದೆ. ಆಮೇಲೆ ಶುರುವಾಯಿತು ಉರಿ. ಹಿಂದಿನ ರಾತ್ರಿ ಹುಡುಗರಲ್ಲೊಬ್ಬ ಡ್ರೈನ್ ಪುಡಿಯ ಎರಡು ಪ್ಯಾಕೆಟ್ ಸುರಿದಿದ್ದನಂತೆ. ಆ ಪುಡಿ ಕಾಸ್ಟಿಕ್ ಸೋಡಾ. ಕಾಸ್ಟಿಕ್ ಎಣ್ಣೆ ಜಿಡ್ಡನ್ನು ಸೋಪಾಗಿಸುತ್ತೆ, ನಮ್ಮ ಚರ್ಮದಲ್ಲಿರುವ ಕೊಬ್ಬನ್ನೂ ಬಿಡೋದಿಲ್ಲ. ನನ್ನ ಕೈ ಜಾರುತ್ತಿದ್ದದ್ದು ಅದಕ್ಕೇ. ಹೀಗಾದರೆ ಮಾಡಬೇಕಾದ್ದು ಒಂದೇ: ಹರಿಯುವ ನೀರಿನ ಕೆಳಗೆ ಕನಿಷ್ಠ 20 ನಿಮಿಷ ಕೈ ಹಿಡಿಯೋದು, ಆಮೇಲೆ ಡಾಕ್ಟರ ಹತ್ತಿರ ಹೋಗೋದು. ನಿಂಬೆಹಣ್ಣು, ವಿನೆಗರ್ ಅಂತ ಏನೂ ಹಚ್ಚಬಾರದು. ನಾನು ಅವತ್ತು ಐದು ನಿಮಿಷ ತೊಳೆದು ಮತ್ತೆ ಕೆಲಸಕ್ಕೆ ಕೂತೆ. ಕಲೆ ಉಳಿಯಿತು.

ಅವತ್ತಿನಿಂದ ಯಾವ ಮನೆಗೆ ಹೋದರೂ ಮೊದಲು ಕೇಳುತ್ತೇನೆ. ಹೇಗೆ ಕೇಳಬೇಕು ಅನ್ನೋದು ಮಾತ್ರ ನಿಧಾನಕ್ಕೆ ಕಲಿತದ್ದು. "ಏನಾದರೂ ಹಾಕಿದ್ದೀರಾ?" ಅಂದರೆ ಹೆಚ್ಚಿನವರು "ಇಲ್ಲಪ್ಪ" ಅಂತಾರೆ. ತಾವೇ ಕೆಡಿಸಿದ್ದು ಅಂತ ಬೈದಾನೇನೋ ಅನ್ನೋ ಸಂಕೋಚ. "ಯಾವ ಪುಡಿ ಹಾಕಿದ್ರಿ, ಯಾವಾಗ ಹಾಕಿದ್ರಿ?" ಅಂತ ಸಹಜವಾಗಿ ಕೇಳಿದರೆ, "ನಿನ್ನೆ ಸಂಜೆ ಒಂದು ಪ್ಯಾಕೆಟ್, ಆಮೇಲೆ ಸ್ವಲ್ಪ ಆಸಿಡ್ಡೂ..." ಅಂತ ಎಲ್ಲ ಹೊರಗೆ ಬರುತ್ತೆ. ಆ "ಆಸಿಡ್ಡೂ" ಅನ್ನೋ ಮಾತು ಕೇಳಿದರೆ ನಾನು ಅವತ್ತು ಬಿಚ್ಚೋದಿಲ್ಲ. ಕಾಸ್ಟಿಕ್ ಇರುವ ಪೈಪಿಗೆ ಆಸಿಡ್ ಬಿದ್ದರೆ ಕುದಿದು ಮುಖಕ್ಕೆ ಸಿಡಿಯುತ್ತೆ. ಆಸಿಡ್ ಜೊತೆ ಬ್ಲೀಚ್ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತೆ. ಕಿಟಕಿಯಿಲ್ಲದ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಬಾಗಿಲು ತೆರೆದಿಟ್ಟು, ಎಕ್ಸಾಸ್ಟ್ ಫ್ಯಾನ್ ಹಾಕಿಡಿ, ನಾಳೆ ಬರ್ತೀನಿ ಅಂತ ಹೇಳಿ ಬರುತ್ತೇನೆ. ಒಂದು ದಿನದ ಕೂಲಿ ಹೋದರೂ ಚಿಂತೆಯಿಲ್ಲ.

ಈ ಶೇವಿಂಗ್ ಜಿಡ್ಡಿನ ವಿಷಯಕ್ಕೆ ಬರ್ತೀನಿ. ಕೂದಲೇ ಕಟ್ಟಿಕೊಳ್ಳೋದು ಅಂತ ಎಲ್ಲರೂ ಅಂದುಕೊಂಡಿರ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಟ್ರ್ಯಾಪಿನಿಂದ ತೆಗೆದ ಗಡ್ಡೆಯನ್ನು ಒಮ್ಮೆ ಬೆರಳಲ್ಲಿ ತಿಕ್ಕಿ ನೋಡಿ. ಅರ್ಧಕ್ಕಿಂತ ಹೆಚ್ಚು ಕೂದಲಲ್ಲ, ಮೇಣದ ಹಾಗಿರುವ ಬಿಳಿ ಬೂದು ಜಿಡ್ಡು. ಶೇವಿಂಗ್ ಕ್ರೀಮಿನ ಟ್ಯೂಬ್ ಹಿಂದೆ ಓದಿದರೆ ಸಾಮಾನ್ಯವಾಗಿ ಮೊದಲ ಸಾಲಿನಲ್ಲೇ ಸ್ಟಿಯರಿಕ್ ಆಸಿಡ್ ಇರುತ್ತೆ. ಅಂದರೆ ಅದು ಒಂದು ಬಗೆಯ ಸೋಪು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೋಪು ಸೇರಿದರೆ ನೀರಲ್ಲಿ ಕರಗದ ಜಿಡ್ಡಾಗುತ್ತೆ. ಬಕೆಟ್ಟಿನ ಒಳಗೆ ಬಿಳಿ ಪದರ ಕಟ್ಟುತ್ತಲ್ಲ, ಅದೂ ಇದೇ ಜಾತಿಯದು.

ಮಹದೇವಪುರದ ಕಡೆಯ ಬಡಾವಣೆಗಳು ವರ್ಷಾನುಗಟ್ಟಲೆ ಗಡಸಾದ ಬೋರ್‌ವೆಲ್, ಟ್ಯಾಂಕರ್ ನೀರಿನ ಮೇಲೇ ಬದುಕಿದವು. ನಗರದ ಹೊರಭಾಗಕ್ಕೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತ ಉದ್ಘಾಟನೆ ಆದದ್ದೇ 2024ರ ಅಕ್ಟೋಬರಿನಲ್ಲಿ. ಒಂದೇ ಕ್ರೀಮು, ಒಂದೇ ರೇಜರ್ ಬಳಸುವ ಎರಡು ಮನೆಗಳಲ್ಲಿ ಕಾವೇರಿ ನೀರಿನ ಮನೆಯ ಟ್ರ್ಯಾಪು ವರ್ಷ ಕಳೆದರೂ ಹಗುರ, ಬೋರ್‌ವೆಲ್ ಮನೆಯದು ಮೂರು ತಿಂಗಳಿಗೇ ಭಾರ. ನನ್ನ ಕೈಗೆ ಸಿಕ್ಕ ಲೆಕ್ಕ ಇದು.

ಇನ್ನೊಂದು ಸಂಗತಿ. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಅಪಾರ್ಟ್‌ಮೆಂಟ್, ಹೋಟೆಲ್‌ಗಳಂಥ ಕಡೆ ನಲ್ಲಿಗಳಿಗೆ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಹರಿವು ಕಡಿಮೆ ಮಾಡುವ ಜಾಲಿ, ಹಾಕಲೇಬೇಕು ಅಂತ ಜಲಮಂಡಳಿ ಆದೇಶ ಮಾಡಿತು. ಅದು ಸರಿಯಾದ ಕೆಲಸ, ನಾನೇ ನೂರಾರು ಕೂರಿಸಿದ್ದೇನೆ. ಆದರೆ ನಲ್ಲಿಯ ನೀರು ತೆಳುವಾದಾಗ ರೇಜರಿನಿಂದ ಬಿದ್ದ ಜಿಡ್ಡನ್ನು ಮುಂದಕ್ಕೆ ತಳ್ಳುವ ರಭಸ ಇರೋದಿಲ್ಲ, ಅದು ಅಲ್ಲೇ ಕೂರುತ್ತೆ. ಅದಕ್ಕೆ ಏರೇಟರ್ ಕೀಳಬೇಕಾಗಿಲ್ಲ. ಶೇವ್ ಆದ ಮೇಲೆ, ಸ್ನಾನಕ್ಕೆ ಬಿಸಿನೀರು ಬರುವ ಮುಂಚೆ ಗೀಸರಿನಿಂದ ಬರುವ ತಣ್ಣೀರನ್ನು ಸುಮ್ಮನೆ ಬಿಡ್ತೀವಲ್ಲ, ಅದನ್ನು ಒಂದು ಬಕೆಟ್ಟಿಗೆ ಹಿಡಿದು ಎರಡು ಮಗ್ ಒಟ್ಟಿಗೆ ಬೇಸಿನ್‌ಗೆ ಸುರಿದರೆ ಸಾಕು.

ಹೋದ ವರ್ಷ ಒಂದು ಮನೆಗೆ ಹೋಗಿದ್ದೆ. ರಿಟೈರ್ ಆದ ಮೇಷ್ಟ್ರು, ಮಗ, ಸೊಸೆ. ಬಾಗಿಲು ತೆಗೆದ ಕೂಡಲೇ ಸೊಸೆ, "ಅಣ್ಣಾ, ಮಾವ ದಿನಾ ಶೇವ್ ಮಾಡ್ತಾರೆ, ಅದಕ್ಕೇ ಕಟ್ಟಿಕೊಂಡಿದೆ. ಅವರಿಗೆ ಸ್ವಲ್ಪ ನೀವೇ ಹೇಳಿ" ಅಂದರು. ಮೇಷ್ಟ್ರು ಬಾತ್‌ರೂಮ್ ಬಾಗಿಲ ಹತ್ತಿರ ಟವೆಲ್ ಹಿಡಿದು ನಿಂತಿದ್ದರು. ಒಂದು ಮಾತೂ ಆಡಲಿಲ್ಲ. ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು.

ಪುಡಿ ಹಾಕಿಲ್ಲ ಅನ್ನೋದು ಖಾತ್ರಿ ಮಾಡಿಕೊಂಡೆ. ಮೊದಲು ನಾಲ್ಕು ಲೀಟರ್ ನೀರು ಸುರಿದು ಗಡಿಯಾರ ನೋಡಿದೆ: ಇಳಿಯೋಕೆ ಮೂರು ನಿಮಿಷ ಮೇಲಾಯಿತು. ಆಮೇಲೆ ಬೇಸಿನ್ ತೂತಿಗೆ ಕೂರಿಸಿದ ಪಾಪ್-ಅಪ್ ವೇಸ್ಟ್ ಕಪ್ಲಿಂಗಿನ ಮುಚ್ಚಳ ತಿರುಗಿಸಿ ಎತ್ತಿದೆ. ಒತ್ತಿದರೆ ಮುಚ್ಚಿ, ಮತ್ತೆ ಒತ್ತಿದರೆ ತೆರೆಯುತ್ತಲ್ಲ, ಆ ತರದ್ದು. ನೋಡೋಕೆ ಚಂದ, ಆದರೆ ಅದರ ಕೆಳಗೆ ಸ್ಪ್ರಿಂಗ್ ಕಡ್ಡಿ ಒಂದಿರುತ್ತೆ, ನೀರು ಅದರ ಸುತ್ತಲಿನ ಸಣ್ಣ ಸಂದಿಯಲ್ಲೇ ಹೋಗಬೇಕು. ಕಡ್ಡಿಗೆ ಉದ್ದ ಕೂದಲು ನಾಲ್ಕೈದು ಸುತ್ತು ಸುತ್ತಿಕೊಂಡಿದ್ದವು, ಜೊತೆಗೆ ಬಟ್ಟೆಯ ಒಂದೆಳೆ ದಾರ. ಆ ಬಲೆಗೆ ಗಡ್ಡದ ಕೂದಲು, ಅದರ ಮೇಲೆ ಕ್ರೀಮಿನ ಜಿಡ್ಡು, ಅದರ ಮೇಲೆ ಟೂತ್‌ಪೇಸ್ಟ್. ಪದರ ಪದರವಾಗಿ ಹೆಬ್ಬೆರಳಿನ ಗಾತ್ರಕ್ಕೆ ಬೆಳೆದಿತ್ತು.

ಹಳೇ ಪೇಪರ್ ಹಾಸಿ ಅದನ್ನು ಬಿಡಿಸಿ ಇಟ್ಟೆ. "ಮೇಡಂ, ಒಂದು ನಿಮಿಷ ನೋಡಿ. ಗಡ್ಡದ ಕೂದಲು ಇಷ್ಟು ಸಣ್ಣದು, ಒಂಟಿಯಾಗಿ ಬಂದರೆ ನೀರಿನ ಜೊತೆ ಹೋಗಿಬಿಡುತ್ತೆ. ಇಲ್ಲಿ ನಿಂತದ್ದು ಈ ಉದ್ದ ಕೂದಲಿನ ಬಲೆಯಿಂದ. ಮೇಷ್ಟ್ರ ಒಬ್ಬರದ್ದೇ ಅಲ್ಲ" ಅಂದೆ. ಆಕೆ ಬಗ್ಗಿ ನೋಡಿದರು. ತಲೆ ಎತ್ತಿ ಮಾವನ ಕಡೆ ನೋಡಿ, "ನಾನೂ ಇಲ್ಲೇ ತಲೆ ಬಾಚ್ಕೋತೀನಿ ಅಲ್ವಾ ಮಾವ" ಅಂದರು. ಮೇಷ್ಟ್ರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಬಂದು ನನ್ನ ಪಕ್ಕ ನಿಂತರು. "ಮುಂದಿನದನ್ನೂ ತೋರಿಸಪ್ಪಾ" ಅಂದರು.

ತೋರಿಸಿದೆ. ಬಕೆಟ್ ಇಟ್ಟು ಟ್ರ್ಯಾಪಿನ ಬಟ್ಟಲು ಕೈಯಲ್ಲೇ ಎಡಕ್ಕೆ ತಿರುಗಿಸೋದು. ಹಿತ್ತಾಳೆಯದಾಗಿದ್ದು ಬಿಗಿಯಾಗಿದ್ದರೆ ಬಟ್ಟೆ ಸುತ್ತಿ ವಾಟರ್ ಪಂಪ್ ಪ್ಲೈಯರ್ ಹಾಕಬೇಕು, ಇಲ್ಲದಿದ್ದರೆ ಕ್ರೋಮ್ ಕಿತ್ತುಹೋಗುತ್ತೆ. ಒಳಗಿನ ಜಿಡ್ಡನ್ನು ಹಳೇ ಟೂತ್‌ಬ್ರಷ್, ಪಾತ್ರೆ ತೊಳೆಯುವ ಲಿಕ್ವಿಡ್, ಸ್ನಾನಕ್ಕೆ ಆಗುವಷ್ಟು ಬಿಸಿಯ ನೀರು ಹಾಕಿ ತಿಕ್ಕಿದರೆ ಬಿಡುತ್ತೆ. ಕುದಿಯುವ ನೀರು ಬೇಡ: ಪಿವಿಸಿ ಪೈಪ್ ಮೆತ್ತಗಾಗುತ್ತೆ, ಪಿಂಗಾಣಿ ಬೇಸಿನ್ ಸೀಳಲೂಬಹುದು. ಆಸಿಡ್ಡೂ ಬೇಡ. ಅದು ಸುಣ್ಣದ ಕರೆ ಕರಗಿಸುತ್ತೆ ನಿಜ, ಆದರೆ ಸೋಪಿನ ಜಿಡ್ಡಿಗೆ ತಾಗಿದರೆ ಸ್ಟಿಯರಿಕ್ ಆಸಿಡ್ ಮತ್ತೆ ಮೇಣವಾಗಿ ಅಲ್ಲೇ ಉಳಿಯುತ್ತೆ. ಜೊತೆಗೆ ಕಪ್ಲಿಂಗಿನ ಹೊಳಪು ತಿನ್ನುತ್ತೆ. ವಾಪಸ್ ಕೂರಿಸುವಾಗ ರಬ್ಬರ್ ವಾಷರ್ ನೇರವಾಗಿ ಕೂತಿದೆಯಾ ನೋಡಿ ಕೈಬಿಗಿ ಮಾಡಿದರೆ ಸಾಕು. ವಾಷರ್ ಇರುವ ಕಡೆ ಟೆಫ್ಲಾನ್ ಟೇಪಿನ ಕೆಲಸವಿಲ್ಲ.

ಟ್ರ್ಯಾಪು ಚೊಕ್ಕವಿದ್ದೂ ನೀರು ನಿಂತರೆ ನಹನಿ ಟ್ರ್ಯಾಪಿನ, ಅಂದರೆ ಬಾತ್‌ರೂಮ್ ನೆಲದ ನೀರು ಹೋಗುವ ತೂತಿನ, ಜಾಲಿ ಎತ್ತಿ ನೋಡಬೇಕು. ಬಹಳ ಮನೆಗಳಲ್ಲಿ ಬೇಸಿನ್ ನೀರು ನೆಲದಡಿಯ ಪೈಪಿನಲ್ಲಿ ಬಂದು ಅಲ್ಲಿಗೇ ಸೇರುತ್ತೆ. ಒಬ್ಬರು ಮೇಲೆ ಸುರಿದು ಇನ್ನೊಬ್ಬರು ಜಾಲಿಯಲ್ಲಿ ನೋಡಿದರೆ ತಡೆ ಎಲ್ಲಿದೆ ಅನ್ನೋದು ಗೊತ್ತಾಗುತ್ತೆ. ಅದರಾಚೆಗಿನದಕ್ಕೆ ಪೈಪಿನೊಳಗೆ ತೂರಿಸುವ ಉದ್ದನೆಯ ಸ್ಪ್ರಿಂಗ್ ಬೇಕು, ಪ್ಲಂಬರನ್ನು ಕರೆಯಿರಿ.

ಮೇಷ್ಟ್ರ ಮನೆಯಲ್ಲಿ ಬಾಟಲ್ ಟ್ರ್ಯಾಪಿನಿಂದ ಗೋಡೆಗೆ ಹೋಗುವ ಜಾಗದಲ್ಲಿ ಹಿಂದೆ ಯಾರೋ ಸುಕ್ಕು ಸುಕ್ಕಾದ ಫ್ಲೆಕ್ಸಿಬಲ್ ಪೈಪ್ ಹಾಕಿದ್ದರು. ಅದು ಜೋತುಬಿದ್ದು ಪ್ರತಿ ಸುಕ್ಕಿನಲ್ಲೂ ಜಿಡ್ಡು ತುಂಬಿತ್ತು. ತೆಗೆದು ಒಳಗೆ ನಯವಾಗಿರುವ ಒಂದೂಕಾಲು ಇಂಚಿನ ಪೈಪ್ ಹಾಕಿದೆ. ಮತ್ತೆ ನಾಲ್ಕು ಲೀಟರ್ ಸುರಿದೆವು. 12 ಸೆಕೆಂಡ್.

ಹೊರಡುವಾಗ ಮೇಷ್ಟ್ರು ಕೇಳಿದರು, "ಶೇವ್ ಮಾಡೋದು ಬಿಡಬೇಕಾ?" ಬೇಡವೇ ಬೇಡ ಅಂದೆ. ನಲ್ಲಿಯ ಕೆಳಗೆ ರೇಜರ್ ತೊಳೆಯೋ ಬದಲು ಒಂದು ಮಗ್ ನೀರಲ್ಲಿ ಅಲ್ಲಾಡಿಸಿ, ಕೊನೆಗೆ ಆ ನೀರನ್ನು ಕಮೋಡಿಗೆ ಸುರಿದುಬಿಡಿ ಅಂತ ಹೇಳಿದೆ. ಬೇಸಿನ್ ಪೈಪ್ ಒಂದೂಕಾಲು ಇಂಚು, ಕಮೋಡಿನದು ನಾಲ್ಕು ಇಂಚು. ಟ್ರಿಮ್ಮರ್ ಬಳಸುವ ಮಗನಿಗೆ ಬೇಸಿನ್ ಮೇಲೆ ಪೇಪರ್ ಹಾಸಿಕೊಳ್ಳೋಕೆ ಹೇಳಿ, ಒಣ ಕೂದಲನ್ನು ಮಡಚಿ ಕಸಕ್ಕೆ ಹಾಕಲಿ ಅಂದೆ.

ಮೊನ್ನೆ ಅದೇ ಮನೆಗೆ ಅಡುಗೆಮನೆ ನಲ್ಲಿ ಬದಲಾಯಿಸೋಕೆ ಹೋಗಿದ್ದೆ. ಕೆಲಸ ಮುಗಿಸಿ ಬ್ಯಾಗ್ ಕಟ್ಟುತ್ತಿದ್ದಾಗ ಮೇಷ್ಟ್ರು ಕೈಹಿಡಿದು ಬಾತ್‌ರೂಮಿಗೆ ಕರೆದುಕೊಂಡು ಹೋದರು. ಬೇಸಿನ್ ಪಕ್ಕ ಒಂದು ಸ್ಟೀಲ್ ಮಗ್, ಅದರೊಳಗೆ ರೇಜರ್, ಕಿಟಕಿಯಲ್ಲಿ ಹಳೇ ಟೂತ್‌ಬ್ರಷ್. ತಿಂಗಳಿಗೊಮ್ಮೆ ಭಾನುವಾರ ತಾವೇ ಪಾಪ್-ಅಪ್ ಬಿಚ್ಚಿ ತೊಳೀತಾರಂತೆ. ಬಕೆಟ್ಟಿನಿಂದ ನಾಲ್ಕು ಮಗ್ ತುಂಬಿ ಸುರಿದು, ಕೈಗಡಿಯಾರ ಕಣ್ಣಿನ ಹತ್ತಿರ ಹಿಡಿದು ಎಣಿಸಿದರು.

"ಹನ್ನೊಂದು," ಅಂದರು.