ಹಳೇ ರೈಜನ್‌ಗೆ ಅಗ್ಗದ ರ‍್ಯಾಮ್: ಮೂರು ವಾರದ ದಿನಚರಿ

ಜನವರಿ 4, 2026, ಭಾನುವಾರ

ಮೊದಲು ನನ್ನ ಕಂಪ್ಯೂಟರ್ ಡಬ್ಬಾದೊಳಗೆ ಏನಿದೆ ಹೇಳಿಬಿಡುತ್ತೇನೆ. ರೈಜನ್ 5 3600 ಪ್ರೊಸೆಸರ್, ಒಂದು ಸಾಧಾರಣ ಬಿ450 ಮದರ್‌ಬೋರ್ಡ್, ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್, ಮತ್ತೆ 2666 ಸ್ಪೀಡಿನ 8 ಜಿಬಿ ರ‍್ಯಾಮ್, ಅದೂ ಒಂದೇ ಒಂದು ಸ್ಟಿಕ್. 2020ರಲ್ಲಿ ಅಸೆಂಬಲ್ ಮಾಡಿಸುವಾಗ ದುಡ್ಡು ಕಡಿಮೆ ಬಿತ್ತು, ಇನ್ನೊಂದು ಸ್ಟಿಕ್ ಆಮೇಲೆ ಹಾಕಿಕೊಂಡರಾಯಿತು ಅಂದುಕೊಂಡೆ. ಆ ಆಮೇಲೆ ಅನ್ನುವುದು ಐದು ವರ್ಷ ಬರಲೇ ಇಲ್ಲ. ಬಂದಿದ್ದು ಈಗ, ರ‍್ಯಾಮ್ ಬೆಲೆ ಚಿನ್ನದ ಬೆಲೆ ಥರ ಏರುತ್ತಿರುವಾಗ! ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನೆಲ್ಲ ಬಾಚಿಕೊಳ್ಳುತ್ತಿವೆ. ಕಳೆದ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಕ್ರೂಷಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುತ್ತೇವೆ ಅಂತ ಹೇಳಿತು.

ಹೊಸ ತಲೆಮಾರಿನ ಮೆಮೊರಿಯಾದ ಡಿಡಿಆರ್5ಗೆ ಹೋಗೋಣ ಅಂದರೆ ಬೋರ್ಡ್ ಬದಲಾಯಿಸಬೇಕು, ಪ್ರೊಸೆಸರ್ ಬದಲಾಯಿಸಬೇಕು, ಆಮೇಲೆ ರ‍್ಯಾಮ್‌ಗೆ ದುಡ್ಡು ಎಲ್ಲಿಂದ ತರುವುದು. ಹಾಗಾಗಿ ತೀರ್ಮಾನ ಸರಳ. ಸೆಕೆಂಡ್ ಹ್ಯಾಂಡ್ ಡಿಡಿಆರ್4, 8 ಜಿಬಿಯ ಎರಡು ಸ್ಟಿಕ್, ಆರು ಸಾವಿರದ ಒಳಗೆ. ಒಂದೇ ಷರತ್ತು: ಎಳೆದರೆ ಬರಬೇಕು. ಅಂದರೆ ಓವರ್‌ಕ್ಲಾಕ್ ಆಗಬೇಕು, ಬರೆದ ಸ್ಪೀಡಿಗಿಂತ ಜೋರಾಗಿ ಓಡಬೇಕು.

ಎಷ್ಟರವರೆಗೆ ಎಳೆಯಬೇಕು ಅನ್ನುವುದಕ್ಕೂ ಲೆಕ್ಕ ಇದೆ. ರೈಜನ್ 3000 ಸೀರೀಸ್‌ನಲ್ಲಿ ಇನ್ಫಿನಿಟಿ ಫ್ಯಾಬ್ರಿಕ್ ಅಂತ ಒಂದು ಒಳದಾರಿ ಇದೆ, ಅದು ಮತ್ತು ರ‍್ಯಾಮ್ ಎರಡೂ ಒಂದೇ ತಾಳಕ್ಕೆ ಹೆಜ್ಜೆ ಹಾಕಿದರೆ ಮಾತ್ರ ಲಾಭ. 3600 ಅಂತ ಬರೆದ ರ‍್ಯಾಮ್ ನಿಜವಾಗಿ ಓಡುವುದು 1800 ಮೆಗಾಹರ್ಟ್ಸ್‌ನಲ್ಲಿ, ಒಂದು ಕ್ಲಾಕ್‌ಗೆ ಎರಡು ಸಲ ಡೇಟಾ ಹೋಗುವುದರಿಂದ 3600. ಫ್ಯಾಬ್ರಿಕ್ 1800 ಸಲೀಸಾಗಿ ಓಡುತ್ತದೆ. 1900 ಅಂದರೆ ಅದೃಷ್ಟ. ಅದನ್ನು ದಾಟಿ 4000, 4400 ರ‍್ಯಾಮ್ ತಂದು ಹಾಕಿದರೆ ತಾಳ ತಪ್ಪಿ ಲೇಟೆನ್ಸಿ, ಅಂದರೆ ಕೇಳಿದ ಡೇಟಾ ಸಿಗುವವರೆಗೆ ಕಾಯುವ ಹೊತ್ತು, ಜಾಸ್ತಿಯಾಗುತ್ತದೆ. ಹೆಚ್ಚು ದುಡ್ಡು ಕೊಟ್ಟು ನಿಧಾನ ಮಾಡಿಕೊಂಡ ಹಾಗೆ. ನನ್ನ ಗುರಿ 3600, ಸಿಕ್ಕಿದರೆ 3733.

ಜನವರಿ 7

ಮೂರು ರಾತ್ರಿ ಬರೀ ಓದಿದ್ದು. ಬಾಕ್ಸ್ ಮೇಲಿನ ಸ್ಪೀಡ್ ನೋಡಿ ರ‍್ಯಾಮ್ ಕೊಳ್ಳುವುದು ಶರ್ಟಿನ ಬಣ್ಣ ನೋಡಿ ಗಂಡು ಒಪ್ಪಿದ ಹಾಗೆ. ನೋಡಬೇಕಾದ್ದು ಒಳಗಿನ ಚಿಪ್. ಎಷ್ಟು ಬ್ರ್ಯಾಂಡ್ ಇದ್ದರೂ ಚಿಪ್ ಮಾಡುವವರಲ್ಲಿ ದೊಡ್ಡವರು ಮೂರೇ ಜನ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಒಬ್ಬೊಬ್ಬರಲ್ಲೂ ನಾಲ್ಕೈದು ಥರದ ಡೈ, ಅಂದರೆ ಚಿಪ್‌ನ ತಳಿ.

ಸ್ಯಾಮ್‌ಸಂಗ್ ಬಿ-ಡೈ ಎಲ್ಲರಿಗೂ ಗೊತ್ತಿರುವ ರಾಜ. 3200ರಲ್ಲಿ 14-14-14 ಅಂತ ಸಮ ಸಮ ಟೈಮಿಂಗ್ (ಒಂದೊಂದು ಹಂತಕ್ಕೆ ಎಷ್ಟು ಕ್ಲಾಕ್ ಕಾಯಬೇಕು ಅನ್ನುವ ಅಂಕಿ, ಕಡಿಮೆ ಇದ್ದಷ್ಟೂ ಒಳ್ಳೆಯದು) ಬರೆದಿದ್ದರೆ ಬಹುಪಾಲು ಅದೇ. ವೋಲ್ಟೇಜ್ ಕೊಟ್ಟಷ್ಟೂ ಟೈಮಿಂಗ್ ಬಿಗಿಯಾಗುತ್ತಾ ಹೋಗುತ್ತದೆ. ಆದರೆ ಅದರ ತಯಾರಿಕೆ ನಿಲ್ಲಿಸುವುದಾಗಿ 2019ರಲ್ಲೇ ಹೇಳಿದ್ದರು, ಈಗ ಇರುವವರು ಬಿಡುವುದಿಲ್ಲ, ಬಿಟ್ಟರೂ ಬೆಲೆ ಕೇಳಿ ನಾವೇ ಬಿಡಬೇಕು. ಹೈನಿಕ್ಸ್‌ನಲ್ಲಿ ಸಿಜೆಆರ್ ಮತ್ತು ಡಿಜೆಆರ್ ಒಳ್ಳೆಯವು, 3600 ಆರಾಮಾಗಿ ಹೋಗುತ್ತವೆ. ಅದೇ ಹೈನಿಕ್ಸ್‌ನ ಹಳೇ ಎಂಎಫ್‌ಆರ್, ಎಎಫ್‌ಆರ್ ಬಂದರೆ 3200ರ ಆಸುಪಾಸಿನಲ್ಲೇ ಏದುಸಿರು ಬಿಡುತ್ತವೆ.

ಬಡವರ ಪಾಲಿನ ನಿಧಿ ಅಂದರೆ ಮೈಕ್ರಾನ್‌ನ 8 ಗಿಗಾಬಿಟ್ ಇ-ಡೈ. ಕ್ರೂಷಿಯಲ್ ಬ್ಯಾಲಿಸ್ಟಿಕ್ಸ್‌ನ 3000, 3200 ಸ್ಟಿಕ್‌ಗಳಲ್ಲಿ ಇದು ತುಂಬಾ ಬಂದಿತ್ತು. ಬ್ಯಾಲಿಸ್ಟಿಕ್ಸ್ 2022ರಲ್ಲಿ ನಿಂತುಹೋಯಿತು, ಆದರೆ ಹಳೇ ಮಾಲು ಇನ್ನೂ ಓಡಾಡುತ್ತಿದೆ. ಇದರ ಸ್ವಭಾವ ವಿಚಿತ್ರ. ಸ್ಪೀಡ್ ಬೇಕಾದಷ್ಟು ಏರುತ್ತದೆ, ವೋಲ್ಟೇಜ್ ಕೊಟ್ಟರೆ ಸಿಎಲ್ (ಟೈಮಿಂಗ್‌ನ ಮೊದಲ ಅಂಕಿ) ಕೂಡ ಇಳಿಯುತ್ತದೆ, ಆದರೆ ಟಿಆರ್‌ಸಿಡಿ ಅನ್ನುವ ಎರಡನೇ ಅಂಕಿ ಮಾತ್ರ ಕತ್ತೆ ಥರ. ಎಷ್ಟು ವೋಲ್ಟ್ ಸುರಿದರೂ ಕದಲುವುದಿಲ್ಲ.

ಗುರುತು ಹಿಡಿಯುವುದು ಹೇಗೆ? ಕ್ರೂಷಿಯಲ್ ಸ್ಟಿಕರ್‌ನಲ್ಲಿ ಪಾರ್ಟ್ ನಂಬರ್ ಆದಮೇಲೆ ಚುಕ್ಕೆ ಇಟ್ಟು ಎಂ8ಎಫ್‌ಇ ಅಂತ ಇದ್ದರೆ ಕೊನೆಯ ಇ ಅಕ್ಷರವೇ ಡೈ. ಕೋರ್ಸೇರ್ ಸ್ಟಿಕ್‌ನಲ್ಲಿ ವರ್ಷನ್ ಅಂತ ಒಂದು ನಂಬರ್ ಇರುತ್ತದೆ, 3ರಿಂದ ಶುರುವಾದರೆ ಮೈಕ್ರಾನ್, 4 ಆದರೆ ಸ್ಯಾಮ್‌ಸಂಗ್, 5 ಆದರೆ ಹೈನಿಕ್ಸ್. ಅದರಲ್ಲಿ 4.31 ಕಂಡರೆ ಚೌಕಾಸಿ ಮಾಡದೆ ಎತ್ತಿಕೊಳ್ಳಿ, ಅದು ಬಿ-ಡೈ. ಹೀಟ್ ಸ್ಪ್ರೆಡರ್ ಇಲ್ಲದ ಬೋಳು ಸ್ಟಿಕ್ ಆದರೆ ಚಿಪ್ ಎಣಿಸಿ. 8 ಜಿಬಿಗೆ ಎಂಟು ಚಿಪ್ ಇರಬೇಕು. ನಾಲ್ಕೇ ಇದ್ದರೆ ಮುಟ್ಟಬೇಡಿ, ಅದರಲ್ಲಿ ಬ್ಯಾಂಕ್ ಗ್ರೂಪ್ (ಒಟ್ಟೊಟ್ಟಿಗೆ ಕೆಲಸ ಮಾಡುವ ಒಳಗಿನ ಗುಂಪುಗಳು) ಅರ್ಧಕ್ಕರ್ಧ ಕಡಿಮೆ, ಅದೇ ಸ್ಪೀಡ್ ಬರೆದಿದ್ದರೂ ನಿಧಾನ.

ಇನ್ನೊಂದು ಸಣ್ಣ ಲೆಕ್ಕ, ಇದನ್ನು ಮೊಬೈಲ್‌ನಲ್ಲಿ ಬರೆದಿಟ್ಟುಕೊಂಡೆ. ಸಿಎಲ್ ಅನ್ನು 2000ದಿಂದ ಗುಣಿಸಿ ಸ್ಪೀಡಿನಿಂದ ಭಾಗಿಸಿದರೆ ನ್ಯಾನೋಸೆಕೆಂಡ್ ಸಿಗುತ್ತದೆ. ನನ್ನ ಹಳೇ 2666 ಸಿಎಲ್19 ಅಂದರೆ 14.25. 3200 ಸಿಎಲ್22 ಅಂದರೆ 13.75, ಸ್ಪೀಡ್ ಅಷ್ಟು ಏರಿಸಿದರೂ ಇದರಲ್ಲಿ ಹೆಚ್ಚೇನೂ ವ್ಯತ್ಯಾಸ ಇಲ್ಲ ನೋಡಿ. 3200 ಸಿಎಲ್16 ಸರಿಯಾಗಿ 10. 3600 ಸಿಎಲ್16 ಆದರೆ 8.89.

ಜನವರಿ 10, ಶನಿವಾರ

ಬೆಳಿಗ್ಗೆ ತುಮಕೂರಿನಿಂದ ರೈಲು ಹತ್ತಿ ಬೆಂಗಳೂರು, ಅಲ್ಲಿಂದ ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡ್. ಭಾನುವಾರ ಹೋದರೆ ಬಹಳಷ್ಟು ಅಂಗಡಿ ಬಾಗಿಲು ಹಾಕಿರುತ್ತವೆ, ಅದಕ್ಕೆ ಒಂದು ರಜೆ ಸುಟ್ಟುಕೊಂಡೆ.

ಮೊದಲ ಅಂಗಡಿಯಲ್ಲಿ ಕಾಮನಬಿಲ್ಲಿನ ಲೈಟ್ ಹೊಳೆಯುವ ಸ್ಟಿಕ್ ತೋರಿಸಿದರು. ಗೇಮಿಂಗ್ ರ‍್ಯಾಮ್ ಸಾರ್, 3200. ತಿರುಗಿಸಿ ನೋಡಿದರೆ 22-22-22. ವಾಪಸ್ ಇಟ್ಟೆ. ಎರಡನೇ ಕಡೆ ಸ್ಟಿಕರ್ ಕಿತ್ತುಹಾಕಿದ ಸ್ಟಿಕ್‌ಗಳ ರಾಶಿ. ಮೂರನೇ ಕಡೆ ನಾನು ಮೊಬೈಲ್ ಟಾರ್ಚ್ ಹಾಕಿ ಒಂದೊಂದೇ ಸ್ಟಿಕರ್ ಓದುವುದು ನೋಡಿ ಅಂಗಡಿಯವರಿಗೆ ತಾಳ್ಮೆ ಕೆಟ್ಟಿತು. "ಎಲ್ಲ ಒಂದೇ ಸಾರ್, ಸ್ಪೀಡ್ ನೋಡಿ ತಗೊಳ್ಳಿ, ಏನ್ ಜಾತಕ ನೋಡ್ತೀರಾ?" ಅಂದರು. ಜಾತಕವೇ ನೋಡುತ್ತಿದ್ದೆ, ನಿಜ.

ಊಟದ ಹೊತ್ತು ದಾಟಿದ ಮೇಲೆ, ಮಹಡಿ ಮೇಲಿನ ಒಂದು ಸಣ್ಣ ಅಂಗಡಿಯಲ್ಲಿ, ಹಳೇ ಆಫೀಸ್ ಮಾನಿಟರ್‌ಗಳ ಹಿಂದೆ ಒಂದು ಡಬ್ಬಿಯಲ್ಲಿ ಸಿಕ್ಕಿತು. ಕಪ್ಪು ಬ್ಯಾಲಿಸ್ಟಿಕ್ಸ್, 3200, 16-18-18, 1.35 ವೋಲ್ಟ್. ಸ್ಟಿಕರ್ ಅರ್ಧ ಮಾಸಿತ್ತು. ಎಂ8ಎಫ್... ಕೊನೆಯ ಅಕ್ಷರದ ಮೇಲೆ ಯಾರೋ ವಾರಂಟಿ ಚೀಟಿ ಅಂಟಿಸಿದ್ದಾರೆ! ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಇ. ಇನ್ನೊಂದು ಸ್ಟಿಕ್ ನೋಡಿದೆ, ಅದೂ ಇ. ಮುಖದಲ್ಲಿ ಖುಷಿ ತೋರಿಸಬಾರದು, ತೋರಿಸಿದರೆ ಐನೂರು ಜಾಸ್ತಿ. ಆರು ಸಾವಿರ ಕೇಳಿದರು, ಸುಮ್ನೆ ಗೀಚಿರುವ ಜಾಗ ತೋರಿಸುತ್ತಾ ನಿಂತೆ, ಐದೂವರೆಗೆ ಮುಗಿಯಿತು. ಅಲ್ಲೇ ಒಂದು ಬೋರ್ಡ್‌ಗೆ ಹಾಕಿಸಿ ಎರಡೂ ಆನ್ ಆಗುವುದನ್ನು ನೋಡಿಯೇ ದುಡ್ಡು ಕೊಟ್ಟೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇದಕ್ಕೆ ನಾಚಿಕೆ ಪಡಬಾರದು.

ಜನವರಿ 11

ಎರಡು ಸ್ಟಿಕ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್. ನನಗೆ ಗೊತ್ತಿತ್ತು, ಆದರೂ ಅವಸರದಲ್ಲಿ ಒಂದನ್ನು ಪೂರ್ತಿ ಒತ್ತಿರಲಿಲ್ಲ. ಹತ್ತು ನಿಮಿಷ ಸ್ಕ್ರೀನ್ ಕಪ್ಪು, ಎದೆ ಡವಡವ. ಬಯೋಸ್ ಅಪ್‌ಡೇಟ್ ಮಾಡಿ ಎಕ್ಸ್‌ಎಂಪಿ (ಸ್ಟಿಕ್‌ನಲ್ಲೇ ಬರೆದಿಟ್ಟ ಸ್ಪೀಡ್ ಸೆಟ್ಟಿಂಗ್) ಆನ್ ಮಾಡಿದೆ, ಒಂದೇ ಏಟಿಗೆ 3200.

ಅಳೆಯುವ ಸಾಫ್ಟ್‌ವೇರ್ ಎಐಡಿಎ64ರಲ್ಲಿ ಲೇಟೆನ್ಸಿ ಹಳೇ ಸ್ಟಿಕ್‌ನಲ್ಲಿ 88 ನ್ಯಾನೋಸೆಕೆಂಡ್ ಇದ್ದದ್ದು 76ಕ್ಕೆ ಬಂತು. ಓದುವ ಸ್ಪೀಡ್ ದುಪ್ಪಟ್ಟಿಗೂ ಜಾಸ್ತಿ, ಏಕೆಂದರೆ ಇಷ್ಟು ದಿನ ಒಂದೇ ಚಾನಲ್‌ನಲ್ಲಿ ಒದ್ದಾಡುತ್ತಿತ್ತು. ಬರೆಯುವ ಸ್ಪೀಡ್ ಮಾತ್ರ ಸೆಕೆಂಡಿಗೆ 25 ಜಿಬಿ ಹತ್ತಿರ ನಿಂತಿದ್ದು ನೋಡಿ ಗಾಬರಿಯಾಯಿತು. ಆಮೇಲೆ ನೆನಪಾಯಿತು. 3600 ಪ್ರೊಸೆಸರ್‌ನಲ್ಲಿ ಕೋರ್‌ಗಳಿರುವ ಚಿಪ್ಲೆಟ್ (ಒಳಗಿನ ಸಣ್ಣ ಚಿಪ್) ಒಂದೇ, ಬರೆಯುವ ದಾರಿ ಕ್ಲಾಕ್‌ಗೆ 16 ಬೈಟ್ ಮಾತ್ರ, ಹಾಗಾಗಿ 1600 ಮೆಗಾಹರ್ಟ್ಸ್‌ಗೆ 25.6 ಜಿಬಿಯೇ ಗರಿಷ್ಠ. ರ‍್ಯಾಮ್‌ನ ತಪ್ಪಲ್ಲ.

ಜನವರಿ 13ರಿಂದ 18

3600ಗೆ ಒಯ್ದೆ. ಫ್ಯಾಬ್ರಿಕ್ 1800, ಟೈಮಿಂಗ್ 16-19-16-36, 1.38 ವೋಲ್ಟ್. ಏನೂ ತಕರಾರಿಲ್ಲದೆ ಬೂಟ್ ಆಯಿತು. ಟಿಆರ್‌ಸಿಡಿ 18 ಕೊಟ್ಟು ನೋಡಿದೆ, ಎರರ್. 1.42 ವೋಲ್ಟ್ ಕೊಟ್ಟು ನೋಡಿದೆ, ಅದೇ ಎರರ್. ಕತ್ತೆ ಅಂದೆನಲ್ಲ. ಸಿಎಲ್ 15 ಹಾಕಿದರೂ ಝೆನ್‌ಟೈಮಿಂಗ್ಸ್ ಸಾಫ್ಟ್‌ವೇರ್‌ನಲ್ಲಿ 16 ಅಂತಲೇ ತೋರಿಸುತ್ತಿತ್ತು, ತಲೆ ಕೆರೆದುಕೊಂಡೆ. ಗೇರ್ ಡೌನ್ ಮೋಡ್ ಅನ್ನುವ ಬಯೋಸ್ ಸೆಟ್ಟಿಂಗ್ ಆನ್ ಇದ್ದರೆ ಬೆಸ ಸಂಖ್ಯೆಯನ್ನು ಅದೇ ಮುಂದಿನ ಸಮಕ್ಕೆ ಏರಿಸಿಕೊಳ್ಳುತ್ತದಂತೆ.

ಸಂಕ್ರಾಂತಿ ದಿನ ದುರಾಸೆ ಹುಟ್ಟಿತು. 3800 ಹಾಕಿದೆ. ಬೂಟೂ ಆಯಿತು, ಕುಣಿದಾಡಿದೆ. ಅರ್ಧ ಗಂಟೆ ಬಿಟ್ಟು ವಿಂಡೋಸ್‌ನ ಈವೆಂಟ್ ವ್ಯೂವರ್ ತೆಗೆದರೆ ವೀಯಾ 19 ಅನ್ನುವ ಹಾರ್ಡ್‌ವೇರ್ ಎರರ್‌ಗಳ ಸಾಲು. ರ‍್ಯಾಮ್ ಸರಿ ಇದೆ, ನನ್ನ ಪ್ರೊಸೆಸರ್‌ನ ಫ್ಯಾಬ್ರಿಕ್ 1900 ತಡೆಯುತ್ತಿಲ್ಲ. ಫ್ಯಾಬ್ರಿಕ್‌ಗೆ ನೆರವಾಗುವ ಎಸ್‌ಒಸಿ ವೋಲ್ಟೇಜ್ 1.1ರವರೆಗೆ ಕೊಟ್ಟೆ, ಅದಕ್ಕಿಂತ ಮೇಲೆ ಕೊಡಲು ಧೈರ್ಯ ಬರಲಿಲ್ಲ. ನಡುವೆ ಒಮ್ಮೆ ಬೂಟ್ ಆಗುವುದೇ ನಿಂತುಹೋಯಿತು. ಸ್ಕ್ರೂಡ್ರೈವರ್ ತುದಿಯಿಂದ ಬಯೋಸ್ ಸೆಟ್ಟಿಂಗ್ ಅಳಿಸುವ ಕ್ಲಿಯರ್ ಸಿಮಾಸ್‌ನ ಎರಡು ಪಿನ್ ಮುಟ್ಟಿಸಿ ಎಬ್ಬಿಸಬೇಕಾಯಿತು. ಅಮ್ಮ ಎಳ್ಳು ಬೆಲ್ಲದ ತಟ್ಟೆ ಹಿಡಿದು ಬಂದವರು, "ಹಬ್ಬದ ದಿನವೂ ಆ ಪೆಟ್ಟಿಗೆ ಹೊಟ್ಟೆ ಬಗೀಬೇಕಾ?" ಅಂತ ಕೇಳಿ ಹೋದರು.

3733ಕ್ಕೆ ಇಳಿದೆ. 16-20-16-38, 1.42 ವೋಲ್ಟ್. ವೀಯಾ ಇಲ್ಲ. ಟಿಆರ್‌ಎಫ್‌ಸಿ (ಇನ್ನೊಂದು ಟೈಮಿಂಗ್, ವಿವರ ಮುಂದೆ) 520 ಹಾಕಿ, ರಾತ್ರಿ ಟೆಸ್ಟ್‌ಮೆಮ್5 ಅನ್ನುವ ಮೆಮೊರಿ ಟೆಸ್ಟ್ ಓಡಿಸಿ ಮಲಗಿದೆ. ಬೆಳಿಗ್ಗೆ ಎದ್ದರೆ ಸೊನ್ನೆ ಎರರ್. ಮುಗಿಯಿತು ಅಂದುಕೊಂಡೆ.

ಜನವರಿ 21

ಮುಗಿದಿರಲಿಲ್ಲ. ಊರಿನ ನಾಟಕದ ವಿಡಿಯೋ ಎಡಿಟ್ ಮಾಡಿ, ಎಲ್ಲವನ್ನೂ 7-ಜಿಪ್‌ನಲ್ಲಿ ಕಟ್ಟಿ ಇಟ್ಟಿದ್ದೆ. ಇವತ್ತು ಬಿಚ್ಚಿದರೆ ಸಿಆರ್‌ಸಿ ಎರರ್. ಮೂರು ಫೈಲ್ ಕೆಟ್ಟಿವೆ. ಪುಣ್ಯಕ್ಕೆ ಕ್ಯಾಮೆರಾ ಕಾರ್ಡ್ ಇನ್ನೂ ಅಳಿಸಿರಲಿಲ್ಲ. ಓವರ್‌ಕ್ಲಾಕ್ ಮಾಡುವಾಗ ನಿಜವಾಗಿ ಹೆದರಬೇಕಾದ್ದು ಇದಕ್ಕೆ. ನೀಲಿ ಸ್ಕ್ರೀನ್ ಬಂದರೆ ಗೊತ್ತಾದರೂ ಆಗುತ್ತದೆ, ಇದು ಸದ್ದಿಲ್ಲದೆ ಫೈಲ್ ತಿನ್ನುತ್ತದೆ.

ರಾತ್ರಿಯೆಲ್ಲ ಪಾಸ್ ಆದದ್ದು ಹಗಲು ಹೇಗೆ ಫೇಲ್ ಆಯಿತು? ಬಹಳ ಹೊತ್ತು ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಟೆಸ್ಟ್ ಓಡಿದ್ದು ತಣ್ಣನೆ ರಾತ್ರಿಯಲ್ಲಿ, ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆದಿಟ್ಟು, ಗ್ರಾಫಿಕ್ಸ್ ಕಾರ್ಡ್ ಸುಮ್ಮನೆ ಕೂತಿರುವಾಗ. ವಿಡಿಯೋ ಎಕ್ಸ್‌ಪೋರ್ಟ್ ಆದದ್ದು ಮಧ್ಯಾಹ್ನ, ಮುಚ್ಚಳ ಹಾಕಿ, ಆರ್‌ಎಕ್ಸ್ 580 ಒಲೆ ಥರ ಉರಿಯುತ್ತಿರುವಾಗ. ಅದರ ಬಿಸಿಯೆಲ್ಲ ನೇರ ರ‍್ಯಾಮ್ ಮೇಲೆ.

ಬಿಸಿಗೂ ಟಿಆರ್‌ಎಫ್‌ಸಿಗೂ ಏನು ನಂಟು ಅಂದರೆ, ರ‍್ಯಾಮ್‌ನ ಒಂದೊಂದು ಸೆಲ್ಲೂ ತೂತು ಬಿದ್ದ ಕೊಡ ಇದ್ದ ಹಾಗೆ. ತುಂಬಿಸಿದ ಚಾರ್ಜ್ ಸೋರುತ್ತಲೇ ಇರುತ್ತದೆ, ಅದಕ್ಕೆ ಮಾಮೂಲಿಯಾಗಿ 64 ಮಿಲಿಸೆಕೆಂಡ್‌ಗೊಮ್ಮೆ ಎಲ್ಲ ಕೊಡಗಳನ್ನೂ ಮತ್ತೆ ತುಂಬಿಸಬೇಕು. ಹಾಗೆ ತುಂಬಿಸಲು ಒಂದೊಂದು ಸಲಕ್ಕೆ ಕೊಡುವ ಸಮಯವೇ ಟಿಆರ್‌ಎಫ್‌ಸಿ. ಬಿಸಿಯಾದಷ್ಟೂ ಸೋರಿಕೆ ಜೋರು. ನಾನು ಕೊಟ್ಟ 520 ಅಂದರೆ 3733ರಲ್ಲಿ ಸುಮಾರು 279 ನ್ಯಾನೋಸೆಕೆಂಡ್, ಇ-ಡೈಗೆ ಅದು ತೀರಾ ಕಂಜೂಸುತನ. ಬಿ-ಡೈ 160ರ ಒಳಗೆ ಮುಗಿಸುತ್ತದೆ ಅಂತ ಓದಿ, ಇದೂ ಅಷ್ಟಿಷ್ಟು ಇಳಿದೀತು ಅಂತ ಆಸೆಪಟ್ಟಿದ್ದೆ.

ಜನವರಿ 25

ಟಿಆರ್‌ಎಫ್‌ಸಿ 580, ಅಂದರೆ ಹತ್ತಿರ ಹತ್ತಿರ 311 ನ್ಯಾನೋಸೆಕೆಂಡ್. ಮುಚ್ಚಳ ಮುಚ್ಚಿ, ಮಧ್ಯಾಹ್ನ, ಒಂದು ಕಡೆ ಗ್ರಾಫಿಕ್ಸ್ ಕಾರ್ಡ್‌ಗೆ ಲೋಡ್ ಕೊಟ್ಟು ಇನ್ನೊಂದು ಕಡೆ ಮೆಮೊರಿ ಟೆಸ್ಟ್. ಮೂರು ಗಂಟೆ, ಸೊನ್ನೆ. ನಡುವೆ ಕರೆಂಟ್ ಹೋಗಿ ಎರಡು ಸಲ ಮೊದಲಿಂದ ಶುರು ಮಾಡಬೇಕಾಯಿತು, ಅದು ಬೇರೆ ಕಥೆ. ಆಮೇಲೆ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ನಾಲ್ಕು ಸುತ್ತು. ಅದೂ ಪಾಸ್. ಅದೇ ನಾಟಕದ ಫೈಲ್‌ಗಳನ್ನು ಐದು ಸಲ ಕಟ್ಟಿ ಬಿಚ್ಚಿ ನೋಡಿದೆ, ಒಂದೂ ಕೆಟ್ಟಿಲ್ಲ.

ಲೇಟೆನ್ಸಿ ಈಗ 67.8. ಟಿಆರ್‌ಎಫ್‌ಸಿ ಸಡಿಲ ಮಾಡಿದ್ದಕ್ಕೆ ಕಳೆದುಕೊಂಡದ್ದು ಒಂದು ನ್ಯಾನೋಸೆಕೆಂಡ್ ಕೂಡ ಇಲ್ಲ. ಅಷ್ಟಕ್ಕಾಗಿ ಮೂರು ಫೈಲ್ ಕಳೆದುಕೊಳ್ಳುತ್ತಿದ್ದೆ.

ಲಾಭ ಎಷ್ಟಾಯಿತು ಅಂತ ಸ್ನೇಹಿತರು ಕೇಳುತ್ತಿದ್ದಾರೆ. ಹೊಟ್ಟೆ ತುಂಬಿಸಿದ್ದು ಎರಡನೇ ಸ್ಟಿಕ್, ಉಳಿದದ್ದೆಲ್ಲ ಉಪ್ಪಿನಕಾಯಿ. ಕೌಂಟರ್ ಸ್ಟ್ರೈಕ್ 2ರಲ್ಲಿ ಹೊಗೆ ಬಾಂಬ್ ಬಿದ್ದಾಗ ತಡವರಿಸುತ್ತಿದ್ದದ್ದು ಎಕ್ಸ್‌ಎಂಪಿ ಆನ್ ಮಾಡಿದ ದಿನವೇ ಹೋಯಿತು. 3200ರಿಂದ 3733ಕ್ಕೆ ಹೋದದ್ದಕ್ಕೆ ಸಿಕ್ಕಿದ್ದು ಶೇಕಡಾ ಆರೇಳು, ಅದೂ ಅಳೆದು ನೋಡಿದರೆ. ಕಣ್ಣಿಗೆ ಕಾಣುವುದಿಲ್ಲ. ಬರೀ ಆಫೀಸ್ ಕೆಲಸ, ಬ್ರೌಸಿಂಗ್ ಅನ್ನುವವರು ಎಕ್ಸ್‌ಎಂಪಿ ಆನ್ ಮಾಡಿ ಬಿಟ್ಟುಬಿಡಿ, ಡೈ ಜಾತಕ ನೋಡುವ ಅಗತ್ಯವೇ ಇಲ್ಲ. ನನಗೆ ಹುಚ್ಚು, ನೋಡಿದೆ.

ಸೆಟ್ಟಿಂಗನ್ನು ಬಯೋಸ್‌ನಲ್ಲಿ ಪ್ರೊಫೈಲ್ ಮಾಡಿ ಸೇವ್ ಮಾಡಿದ್ದೇನೆ, ಮೊಬೈಲ್‌ನಲ್ಲಿ ಫೋಟೋ ಕೂಡ ಇದೆ, ಏಕೆಂದರೆ ಬ್ಯಾಟರಿ ತೆಗೆದ ದಿನ ಯಾವುದೂ ನೆನಪಿರುವುದಿಲ್ಲ. ಮಾರ್ಚ್ ಕೊನೆಗೆ ತುಮಕೂರಿನ ಬಿಸಿಲು ಏರಿದಾಗ ಇದೇ ಟೆಸ್ಟ್ ಇನ್ನೊಮ್ಮೆ ಓಡಿಸಬೇಕು. ಆಗ ತಡೆಯದಿದ್ದರೆ 3600ಕ್ಕೆ ಇಳಿಸುತ್ತೇನೆ. ಹಳೇ 2666 ಸ್ಟಿಕ್ ಕೇಳಿಕೊಂಡು ಈಗಾಗಲೇ ಇಬ್ಬರು ಫೋನ್ ಮಾಡಿದ್ದಾರೆ, ಅದರಲ್ಲಿ ಒಬ್ಬರು ಯಾವ ಡೈ ಅಂತ ಕೇಳಿದರು.