ಮೂರು ವಾರ ಖಾಲಿ ಪ್ಲೇಟು

ಟಪ್ ಅಂತ ಸದ್ದು ಬಂತು. ಹಳೇ ಬಲ್ಬ್ ಒಡೆದ ಹಾಗೆ. ಕ್ಯುವೆಟ್ ಎಂಬ ಪುಟ್ಟ ಡಬ್ಬಿಯೊಳಗೆ ಒಂದು ಕ್ಷಣ ನೀಲಿ ಮಿಂಚು, ಆಮೇಲೆ ಸಣ್ಣಗೆ ಸುಟ್ಟ ವಾಸನೆ. ಪಕ್ಕದ ಬೆಂಚಿನಲ್ಲಿ ಕೂತಿದ್ದ ಜೂನಿಯರ್ ಹುಡುಗ ತಲೆ ಎತ್ತಿ ನನ್ನ ಮುಖ ನೋಡಿದ. ಏನೂ ಮಾತಾಡದೆ ಮತ್ತೆ ತಲೆ ತಗ್ಗಿಸಿದ. ಬ್ಯಾಕ್ಟೀರಿಯಾಗೆ ವಿದ್ಯುತ್ ಪೆಟ್ಟು ಕೊಡುವ ಎಲೆಕ್ಟ್ರೊಪೊರೇಟರ್ ಮಷೀನ್ ಬಳಸಿದವರಿಗೆ ಆ ಸದ್ದಿನ ಅರ್ಥ ಹೇಳಿಕೊಡಬೇಕಿಲ್ಲ. ಬ್ಯಾಕ್ಟೀರಿಯಾ ಬೆಂದುಹೋದವು, ಎಲ್ಲ ಮತ್ತೆ ಮೊದಲಿಂದ ಶುರು ಮಾಡಬೇಕು.

ಆ ಮಷೀನಿನ ಹತ್ತಿರ ನಾನು ಹೋಗಿದ್ದೇ ದಿಕ್ಕು ತೋಚದೆ. ಅಷ್ಟು ಹೊತ್ತಿಗೆ ಹತ್ತಿರ ಹತ್ತಿರ ಮೂರು ವಾರದಿಂದ, ಬ್ಯಾಕ್ಟೀರಿಯಾ ಬೆಳೆಸುವ ನನ್ನ ಪ್ಲೇಟುಗಳು ಖಾಲಿ ಬರುತ್ತಿದ್ದವು.

ಕೆಲಸ ತೀರಾ ಮಾಮೂಲಿ. ಒಂದು ಜೀನನ್ನು ಕತ್ತರಿಸಿ ಪ್ಲಾಸ್ಮಿಡ್ ಎಂಬ ಉಂಗುರದಂಥ ಡಿಎನ್‌ಎಗೆ ಅಂಟಿಸಬೇಕು. ಅದನ್ನು ಇ. ಕೊಲೈ ಬ್ಯಾಕ್ಟೀರಿಯಾದೊಳಗೆ ಹಾಕಬೇಕು. ಬ್ಯಾಕ್ಟೀರಿಯಾ ಬೆಳೆದಂತೆ ನಮ್ಮ ಜೀನೂ ನಕಲಾಗುತ್ತಾ ಹೋಗುತ್ತದೆ. ಜೀವಶಾಸ್ತ್ರದ ಲ್ಯಾಬಿಗೆ ಬಂದವರು ಮೊದಲ ತಿಂಗಳಲ್ಲೇ ಕಲಿಯುವ ಕೆಲಸ ಇದು. ನಾನು ಬಂದು ಆಗಲೇ ನಾಲ್ಕು ವರ್ಷ ಆಗಿತ್ತು, ಅದಕ್ಕೇ ಅವಮಾನ ಜಾಸ್ತಿ.

ಈ "ಒಳಗೆ ಹಾಕುವುದು" ಎಷ್ಟು ವಿಚಿತ್ರ ಕೆಲಸ ಅನ್ನುವುದು ಕೈ ಪಳಗಿದ ಮೇಲೆ ಮರೆತೇ ಹೋಗುತ್ತದೆ. ನಾವು ದಿನಾ ಬಳಸುವ ಪಿಯುಸಿ19 ಎಂಬ ಪ್ಲಾಸ್ಮಿಡ್ಡನ್ನೇ ತಗೊಳ್ಳಿ. ಅದರಲ್ಲಿ 2686 ಅಕ್ಷರ ಜೋಡಿಗಳು. ಉಂಗುರವನ್ನು ಕತ್ತರಿಸಿ ನೆಟ್ಟಗೆ ಎಳೆದರೆ ಸುಮಾರು 0.9 ಮೈಕ್ರೊಮೀಟರ್ ಉದ್ದ. ಇ. ಕೊಲೈ ಜೀವಕೋಶದ ಉದ್ದವೇ ಸುಮಾರು 2 ಮೈಕ್ರೊಮೀಟರ್. ಅಂದರೆ ಮನೆಯ ಅರ್ಧದಷ್ಟು ಉದ್ದದ ಹಗ್ಗವನ್ನು ಅದಕ್ಕಂತ ಬಾಗಿಲೇ ಇಲ್ಲದ ಮನೆಯೊಳಗೆ ತೂರಿಸಬೇಕು. ಸಾಲದ್ದಕ್ಕೆ ಡಿಎನ್‌ಎಗೆ ಋಣ ವಿದ್ಯುದಂಶ, ಕೋಶದ ಹೊರಮೈಗೂ ಋಣ. ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ಮಧ್ಯೆ ಇರುವ ಪೊರೆ ಎಣ್ಣೆಯ ಜಾತಿ, ಡಿಎನ್‌ಎ ನೀರಿನ ಜಾತಿ.

ಕೆಲವು ಬ್ಯಾಕ್ಟೀರಿಯಾಗಳಿಗೆ ಇದು ಹುಟ್ಟಿನಿಂದಲೇ ಗೊತ್ತು. 1928ರಲ್ಲಿ ಫ್ರೆಡರಿಕ್ ಗ್ರಿಫಿತ್ ನ್ಯುಮೋನಿಯಾದ ಬ್ಯಾಕ್ಟೀರಿಯಾ ಇಟ್ಟುಕೊಂಡು ಕೆಲಸ ಮಾಡುತ್ತಿದ್ದ. ರೋಗ ತರುವ ತಳಿಯನ್ನು ಬಿಸಿಯಿಂದ ಸಾಯಿಸಿ, ನಿರುಪದ್ರವಿ ತಳಿಯ ಜೀವಂತ ಬ್ಯಾಕ್ಟೀರಿಯಾ ಜೊತೆ ಬೆರೆಸಿ ಇಲಿಗಳಿಗೆ ಚುಚ್ಚಿದ. ಇಲಿಗಳು ಸತ್ತವು. ಸಾಧುವಾಗಿದ್ದದ್ದು ಸತ್ತದ್ದರಿಂದ ಏನೋ ಎತ್ತಿಕೊಂಡು ಕೊಲೆಗಾರ ಆಗಿತ್ತು. ಆ "ಏನೋ" ಡಿಎನ್‌ಎ ಎಂದು ಏವರಿ, ಮೆಕ್ಲಿಯಾಡ್, ಮೆಕಾರ್ಟಿ ತೋರಿಸಿದ್ದು 1944ರಲ್ಲಿ. ಇ. ಕೊಲೈಗೆ ಲ್ಯಾಬಿನಲ್ಲಿ ಈ ಅಭ್ಯಾಸ ಇಲ್ಲ. ಅದನ್ನು ಹಿಂಸೆ ಮಾಡಿ ಒಪ್ಪಿಸಬೇಕು.

ಹಿಂಸೆಯ ವಿಧಾನ ಹೀಗೆ. ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ತಣ್ಣನೆಯ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ತೊಳೆಯುವುದು. ಡಿಎನ್‌ಎ ಸೇರಿಸಿ ಅರ್ಧ ಗಂಟೆ ಐಸಿನಲ್ಲಿ ಇಡುವುದು. ತಟ್ಟನೆ 42 ಡಿಗ್ರಿ ನೀರಿಗೆ ಇಳಿಸಿ 45 ಸೆಕೆಂಡ್ ಬಿಟ್ಟು, ಮತ್ತೆ ಐಸಿಗೆ. ಕ್ಯಾಲ್ಸಿಯಂ ಎರಡೂ ಕಡೆಯ ಋಣವನ್ನು ಮುಚ್ಚುತ್ತದೆ, ಶಾಖದ ಪೆಟ್ಟಿಗೆ ಪೊರೆ ಸಡಿಲವಾಗುತ್ತದೆ. ಕ್ಯಾಲ್ಸಿಯಂ ಉಪಾಯವನ್ನು ಮಂಡೆಲ್ ಮತ್ತು ಹಿಗಾ ಎಂಬ ಇಬ್ಬರು 1970ರಲ್ಲಿ ವೈರಸ್ ಡಿಎನ್‌ಎ ಬಳಸಿ ತೋರಿಸಿದರು. ಎರಡು ವರ್ಷದ ನಂತರ ಸ್ಟಾನ್ಲಿ ಕೋಹೆನ್ ತಂಡ ಪ್ಲಾಸ್ಮಿಡ್ಡನ್ನು ಅದೇ ದಾರಿಯಲ್ಲಿ ಒಳಗೆ ಕಳಿಸಿತು. ಆ 45 ಸೆಕೆಂಡನ್ನು ನಾನು ಈಗಲೂ ಬಾಯಲ್ಲಿ ಎಣಿಸುತ್ತೇನೆ. ಟೈಮರ್ ಪಕ್ಕದಲ್ಲೇ ಇರುತ್ತದೆ, ಆದರೂ.

ಈಗ ಒಂದು ಲೆಕ್ಕ. ಒಳ್ಳೆಯ ಕಾಂಪಿಟೆಂಟ್ ಸೆಲ್, ಅಂದರೆ ಹೀಗೆ ಹದ ಮಾಡಿದ ಬ್ಯಾಕ್ಟೀರಿಯಾ, ಇದ್ದರೆ 1 ಮೈಕ್ರೊಗ್ರಾಂ ಪಿಯುಸಿ19ಗೆ 10 ಕೋಟಿ ಕಾಲೊನಿ (ಒಂದೊಂದು ಬ್ಯಾಕ್ಟೀರಿಯಾದಿಂದ ಬೆಳೆದ ಚುಕ್ಕೆ) ಎಂಬ ಪ್ರಮಾಣದಲ್ಲಿ ಸಿಗುತ್ತವೆ. ಕೇಳಲು ಭಾರಿ ಸಂಖ್ಯೆ. ಆದರೆ 1 ಮೈಕ್ರೊಗ್ರಾಮಿನಲ್ಲಿ ಆ ಉಂಗುರಗಳು ಸುಮಾರು 34 ಸಾವಿರ ಕೋಟಿ ಇರುತ್ತವೆ. ಅಂದರೆ ಮೂರು ಸಾವಿರದ ನಾನೂರು ಉಂಗುರಕ್ಕೆ ಒಂದು ಕೆಲಸಕ್ಕೆ ಬಂದರೆ ಅದನ್ನು ನಾವು "ಒಳ್ಳೆಯದು" ಅನ್ನುತ್ತೇವೆ. ಉಳಿದವೆಲ್ಲ ವ್ಯರ್ಥ. ಬ್ಯಾಕ್ಟೀರಿಯಾಗಳಲ್ಲೂ ಬಹುಪಾಲು ಏನನ್ನೂ ತೆಗೆದುಕೊಂಡಿರುವುದಿಲ್ಲ. ಹಾಗಾಗಿ ಈ ಕೆಲಸದಲ್ಲಿ ಅರ್ಧ ಮಾತ್ರ ಒಳಗೆ ಹಾಕುವುದು. ಇನ್ನರ್ಧ, ತೆಗೆದುಕೊಂಡವು ಯಾವುವು ಅಂತ ಹುಡುಕುವುದು. ಅದಕ್ಕೇ ಪ್ಲಾಸ್ಮಿಡ್ಡಿನಲ್ಲಿ ಒಂದು ಆಂಟಿಬಯಾಟಿಕ್ ತಡೆದುಕೊಳ್ಳುವ ಜೀನ್ ಇಟ್ಟಿರುತ್ತಾರೆ. ಆ ಆಂಟಿಬಯಾಟಿಕ್ ಬೆರೆಸಿದ ಪ್ಲೇಟಿನ ಮೇಲೆ ಎಲ್ಲವನ್ನೂ ಹರಡಿದರೆ, ಉಂಗುರ ಇರುವವು ಬದುಕುತ್ತವೆ, ಉಳಿದವು ಸಾಯುತ್ತವೆ.

ನನ್ನ ಪ್ಲೇಟಿನಲ್ಲಿ ಒಂದೂ ಬದುಕುತ್ತಿರಲಿಲ್ಲ. ಹೋಲಿಸಿ ನೋಡಲು ಕಂಟ್ರೋಲ್ ಪ್ಲೇಟುಗಳನ್ನು ತಪ್ಪದೆ ಇಟ್ಟಿದ್ದೆ, ಅಷ್ಟು ಶಿಸ್ತು ಇತ್ತು. ಡಿಎನ್‌ಎ ಹಾಕದ ಪ್ಲೇಟ್ ಸ್ವಚ್ಛ. ಪಿಯುಸಿ19 ಹಾಕಿದ ಪ್ಲೇಟಿನಲ್ಲಿ ರಾಗಿ ಚೆಲ್ಲಿದ ಹಾಗೆ ಕಾಲೊನಿ. ನನ್ನದು ಮಾತ್ರ ಬೋಳು. ತರ್ಕ ಸರಳ ಅಲ್ವಾ? ಸೆಲ್ ಚೆನ್ನಾಗಿವೆ, ಪ್ಲೇಟ್ ಚೆನ್ನಾಗಿದೆ, ಅಂದಮೇಲೆ ಅಂಟಿಸಿದ್ದೇ ಸರಿಯಿಲ್ಲ. ಡಿಎನ್‌ಎ ಅಂಟಿಸುವ ಕಿಣ್ವ ಲೈಗೇಸ್, ಅದನ್ನು ಹೊಸದು ತೆರೆದೆ. ವೆಕ್ಟರಿಗೆ (ಜೀನ್ ಹೊರುವ ಪ್ಲಾಸ್ಮಿಡ್) ಮೂರು ಪಾಲು ಇದ್ದ ಇನ್ಸರ್ಟನ್ನು (ಅಂಟಿಸಬೇಕಾದ ಜೀನ್) ಐದು ಪಾಲು ಮಾಡಿದೆ. 16 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಇನ್ಕ್ಯುಬೇಟರ್ ಬಾಗಿಲು ತೆಗೆಯುವ ಮೊದಲೇ ನನಗೆ ಉತ್ತರ ಗೊತ್ತಿರುತ್ತಿತ್ತು.

ಈಗ ಯೋಚಿಸಿದರೆ ಸುಳಿವು ಕಣ್ಣೆದುರೇ ಇತ್ತು. ಲೈಗೇಶನ್, ಅಂದರೆ ಈ ಅಂಟಿಸುವ ಕೆಲಸ, ಎಷ್ಟೇ ಕೆಟ್ಟಿದ್ದರೂ ಪ್ಲೇಟ್ ಇಷ್ಟು ಬೋಳಾಗುವುದಿಲ್ಲ. ಕತ್ತರಿಸದೆ ಉಳಿದ ಒಂದಿಷ್ಟು ವೆಕ್ಟರ್ ಯಾವಾಗಲೂ ಇರುತ್ತದೆ. ಅದರಿಂದ ನಾಲ್ಕಾರು ಕಾಲೊನಿಯಾದರೂ ಬಂದೇ ಬರುತ್ತವೆ. ಸಾಮಾನ್ಯವಾಗಿ ನಾವು ಬೈದುಕೊಳ್ಳುವುದೇ ಆ ಬೇಡದ ಕಾಲೊನಿಗಳನ್ನು. ಅವೂ ಇಲ್ಲ ಅಂದಾಗ ಅನುಮಾನ ಬರಬೇಕಿತ್ತು. ಬರಲಿಲ್ಲ. ಕಾಲೊನಿ ಬರುವಷ್ಟು ಡಿಎನ್‌ಎ ಒಳಗೆ ಹೋಗುತ್ತಿಲ್ಲ, ಇನ್ನೂ ಜೋರಾದ ಪೆಟ್ಟು ಬೇಕು ಅಂದುಕೊಂಡೆ.

ಹಾಗೆ ಎಲೆಕ್ಟ್ರೊಪೊರೇಶನ್‌ಗೆ ಬಂದೆ. 1982ರಲ್ಲಿ ಎಬರ್‌ಹಾರ್ಡ್ ನಾಯ್ಮಾನ್ ತಂಡ ಇಲಿಯ ಕೋಶಗಳ ಮೇಲೆ ತೋರಿಸಿದ ವಿಧಾನ ಇದು. ಕೋಶಕ್ಕೆ ಕ್ಷಣಾರ್ಧ ವಿದ್ಯುತ್ ಹೊಡೆದರೆ ಪೊರೆಯಲ್ಲಿ ಸಣ್ಣ ಸಣ್ಣ ತೂತು ಬೀಳುತ್ತವೆ, ಅವು ಮುಚ್ಚಿಕೊಳ್ಳುವಷ್ಟರಲ್ಲಿ ಡಿಎನ್‌ಎ ನುಗ್ಗುತ್ತದೆ. ಬ್ಯಾಕ್ಟೀರಿಯಾಗೆ 1 ಮಿಲಿಮೀಟರ್ ಸಂದಿನ ಕ್ಯುವೆಟ್ಟಿನಲ್ಲಿ 1800 ವೋಲ್ಟ್. ಸುಮಾರು 5 ಮಿಲಿಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ಶಾಖದ ವಿಧಾನಕ್ಕಿಂತ ಹತ್ತು ಪಟ್ಟು, ನೂರು ಪಟ್ಟು ಹೆಚ್ಚು ಕಾಲೊನಿ ಕೊಡಬಲ್ಲದು. ಷರತ್ತು ಒಂದೇ, ಉಪ್ಪಿನಂಶ ಇರಬಾರದು. ಉಪ್ಪಿದ್ದರೆ ಕರೆಂಟ್ ಒಮ್ಮೆಗೇ ಅಡ್ಡ ಹಾಯ್ದು ಟಪ್ ಅನ್ನುತ್ತದೆ. ಅದಕ್ಕೆ ಸೆಲ್ಲುಗಳನ್ನು ಉಪ್ಪಿಲ್ಲದ ಗ್ಲಿಸರಾಲ್ ನೀರಿನಲ್ಲಿ ಮತ್ತೆ ಮತ್ತೆ ತೊಳೆದಿಟ್ಟಿರುತ್ತಾರೆ. ಲೈಗೇಶನ್ ಬಫರ್ ತುಂಬಾ ಉಪ್ಪು. ನಾನು ಅದನ್ನೇ 5 ಮೈಕ್ರೊಲೀಟರ್ ಹಾಗೇ ಸುರಿದಿದ್ದೆ.

ಮಾರನೇ ದಿನ ಡಿಎನ್‌ಎ ಶುದ್ಧ ಮಾಡಿ, ಒಂದೇ ಒಂದು ಮೈಕ್ರೊಲೀಟರ್ ಹಾಕಿದೆ. ಸದ್ದು ಬರಲಿಲ್ಲ. ಪರದೆಯ ಮೇಲೆ 4.9 ಮಿಲಿಸೆಕೆಂಡ್ ಅಂತ ಬಂತು, ಅಂದರೆ ಪೆಟ್ಟು ಸರಿಯಾಗಿ ಬಿದ್ದಿದೆ. ಆ ಖುಷಿಯಲ್ಲಿ ಪ್ಲೇಟ್ ಹಾಕಿ ಮನೆಗೆ ಹೋದೆ. ಬೆಳಿಗ್ಗೆ ಖಾಲಿ.

ನಾನು ಆ ಖಾಲಿ ಪ್ಲೇಟನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಾ ಕೂತಿದ್ದಾಗ ಆ ಹುಡುಗ ಬಂದ. ನನ್ನ ನೋಟ್‌ಬುಕ್ ಹತ್ತಿರ ಸುಮ್ನೆ ನಿಂತಿದ್ದ. ಆಮೇಲೆ ಮೆಲ್ಲಗೆ, "ಅಕ್ಕ, ಈ ವೆಕ್ಟರ್ ಕ್ಯಾನಮೈಸಿನ್‌ದು ಅಲ್ವಾ?" ಅಂದ.

ಹೌದು. ನನ್ನ ವೆಕ್ಟರ್ ತಡೆದುಕೊಳ್ಳುವುದು ಕ್ಯಾನಮೈಸಿನ್ ಎಂಬ ಆಂಟಿಬಯಾಟಿಕ್ಕನ್ನು. ಪಿಯುಸಿ19 ತಡೆದುಕೊಳ್ಳುವುದು ಆಂಪಿಸಿಲಿನ್ನನ್ನು. ನಾನು ಮೂರು ವಾರದಿಂದ ಹರಡುತ್ತಿದ್ದದ್ದು ಆಂಪಿಸಿಲಿನ್ ಪ್ಲೇಟುಗಳ ಮೇಲೆ. ಕಂಟ್ರೋಲ್ ಸೊಂಪಾಗಿ ಬೆಳೆದು ನನಗೆ ಸುಳ್ಳು ಧೈರ್ಯ ಕೊಡುತ್ತಿತ್ತು. ಡಿಎನ್‌ಎ ಮೊದಲ ದಿನದಿಂದಲೂ ಒಳಗೆ ಹೋಗುತ್ತಿತ್ತು. ತೆಗೆದುಕೊಂಡ ಬ್ಯಾಕ್ಟೀರಿಯಾಗಳನ್ನೂ ತೆಗೆದುಕೊಳ್ಳದವುಗಳ ಜೊತೆ ಸೇರಿಸಿ ನಾನೇ ಕೊಲ್ಲುತ್ತಿದ್ದೆ.

ಅವನ ಮುಂದೆ ನಕ್ಕೆ. ಶೌಚಾಲಯಕ್ಕೆ ಹೋಗಿ ಸ್ವಲ್ಪ ಅತ್ತೆ ಕೂಡ.

ಕ್ಯಾನಮೈಸಿನ್ ಪ್ಲೇಟಿಗೆ ಹಾಕುವಾಗ ಇನ್ನೊಂದು ಮಾತು ನೆನಪಿಡಬೇಕು. ಆಂಪಿಸಿಲಿನ್ ಏಟು ಕೊಡುವುದು ಕೋಶದ ಗೋಡೆಗೆ. ಅವಸರ ಮಾಡಿ ಶಾಖದ ಪೆಟ್ಟಿನ ಹಿಂದೆಯೇ ಹರಡಿದರೂ ಸಾಕಷ್ಟು ಬ್ಯಾಕ್ಟೀರಿಯಾ ಸುಧಾರಿಸಿಕೊಳ್ಳುತ್ತವೆ. ಕ್ಯಾನಮೈಸಿನ್ ಹಿಡಿಯುವುದು ಪ್ರೋಟೀನ್ ತಯಾರಿಸುವ ರೈಬೋಸೋಮನ್ನೇ. ರಕ್ಷಣೆಯ ಪ್ರೋಟೀನ್ ತಯಾರಾಗಬೇಕಾದ್ದೂ ಅಲ್ಲೇ. ಹಾಗಾಗಿ ಪ್ಲೇಟಿಗೆ ಹಾಕುವ ಮೊದಲು ಆಂಟಿಬಯಾಟಿಕ್ ಇಲ್ಲದ ಆಹಾರದಲ್ಲಿ, 37 ಡಿಗ್ರಿಯಲ್ಲಿ, ಒಂದು ಗಂಟೆ ಬಿಡಲೇಬೇಕು. ಬಿಟ್ಟೆ. ಹಳೇ ಲೈಗೇಶನ್ನನ್ನೇ ಬಳಸಿದೆ, ಮೊದಲ ವಾರದ್ದು. ಬೆಳಿಗ್ಗೆ ಅರವತ್ತಕ್ಕೂ ಜಾಸ್ತಿ ಕಾಲೊನಿ. ಎಂಟು ಆರಿಸಿ ನೋಡಿದೆ, ಆರು ಸರಿ ಇದ್ದವು.

ಆಮೇಲೆ ನನ್ನ ಕೆಲಸ ಪ್ರಾಣಿಕೋಶಗಳ ಕಡೆ ಹೊರಳಿತು. ಅಲ್ಲಿ ಇದಕ್ಕೆ ಟ್ರಾನ್ಸ್‌ಫೆಕ್ಷನ್ ಅನ್ನುತ್ತಾರೆ. 1973ರಲ್ಲಿ ಗ್ರಹಾಂ ಮತ್ತು ವಾನ್ ಡೆರ್ ಎಬ್ ಕಂಡುಕೊಂಡ ಕ್ಯಾಲ್ಸಿಯಂ ಫಾಸ್ಫೇಟ್ ವಿಧಾನ ನನಗೆ ಇಷ್ಟ. ಡಿಎನ್‌ಎ ಸಣ್ಣ ಮರಳಿನಂತೆ ಗರಣೆಗಟ್ಟಿ ಕೋಶಗಳ ಮೇಲೆ ಇಳಿಯುತ್ತದೆ, ಕೋಶ ಅದನ್ನು ನುಂಗುತ್ತದೆ. ಆದರೆ ದ್ರಾವಣದ ಪಿಎಚ್ 7.05ರ ಆಸುಪಾಸಿನಿಂದ ಸ್ವಲ್ಪ ಆಚೀಚೆ ಆದರೂ ಮರಳು ಒಂದೋ ದಪ್ಪ ಆಗುತ್ತದೆ, ಇಲ್ಲ ಬರುವುದೇ ಇಲ್ಲ. ಈ ಗ್ರಹಾಂ ಅವರ 293ನೇ ಪ್ರಯೋಗದಲ್ಲಿ ಹುಟ್ಟಿದ ಕೋಶಗಳೇ ಇಂದು ಎಲ್ಲ ಲ್ಯಾಬಲ್ಲೂ ಇರುವ ಎಚ್‌ಇಕೆ 293. ಏನು ಕೊಟ್ಟರೂ ನುಂಗುವ ಸಾಧು ಕೋಶ. ನರಕೋಶಕ್ಕೆ ಅದೇ ಕೊಟ್ಟು ನೋಡಿ, ಸತ್ತರೂ ಬಾಯಿ ಬಿಡುವುದಿಲ್ಲ.

ಕೊಬ್ಬಿನ ಹನಿಯಲ್ಲಿ ಡಿಎನ್‌ಎ ಸುತ್ತಿ ಕೊಡುವ ಲೈಪೊಫೆಕ್ಷನ್ ಬಂದದ್ದು 1987ರಲ್ಲಿ, ಫೆಲ್ಗ್ನರ್ ತಂಡದಿಂದ. ಅದು ಸುಲಭ. ಆದರೆ ಇಲ್ಲಿ ಪೊರೆ ದಾಟಿದ ಮಾತ್ರಕ್ಕೆ ಮುಗಿಯಲಿಲ್ಲ. ನುಂಗಿದ್ದು ಮೊದಲು ಎಂಡೋಸೋಮ್ ಎಂಬ ಚೀಲದಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ತಪ್ಪಿಸಿಕೊಳ್ಳದಿದ್ದರೆ ಜೀರ್ಣ. ತಪ್ಪಿಸಿಕೊಂಡರೆ ಮುಂದೆ ಕೋಶಕೇಂದ್ರದ ಗೋಡೆ. ಕೋಶ ಒಡೆದು ಎರಡಾಗುವಾಗ ಆ ಗೋಡೆ ಕರಗುತ್ತದಲ್ಲ, ಆಗ ನುಗ್ಗಲು ಸುಲಭ. ಇಷ್ಟೆಲ್ಲ ದಾಟಿ ಬಂದವು ಯಾವುವು ಅಂತ ಗೊತ್ತಾಗಲು ಹಸಿರು ಹೊಳೆಯುವ ಜಿಎಫ್‌ಪಿ ಪ್ರೋಟೀನಿನ ಜೀನ್ ಜೊತೆಗೆ ಕಳಿಸುತ್ತೇವೆ. ಕತ್ತಲೆ ಕೋಣೆಯಲ್ಲಿ ಮೈಕ್ರೊಸ್ಕೋಪಿಗೆ ಕಣ್ಣಿಟ್ಟಾಗ ಕಪ್ಪು ಹಿನ್ನೆಲೆಯಲ್ಲಿ ಒಂದು ಕೋಶ ಹಸಿರಾಗಿ ಕಂಡಿತು, ಪಕ್ಕದ್ದು ಇಲ್ಲ, ಅದರಾಚೆಯದು ಮತ್ತೆ ಹಸಿರು. ಒಂದೇ ತಟ್ಟೆ, ಒಂದೇ ದ್ರಾವಣ, ಅಕ್ಕಪಕ್ಕ ಅಂಟಿ ಕೂತ ಕೋಶಗಳು.

ವೈರಸ್ಸುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವು ಈ ಕೆಲಸದಲ್ಲಿ ನಮಗಿಂತ ಬಹಳ ಹಳಬರು. ಅವುಗಳ ಬುತ್ತಿಯಲ್ಲಿ ಜಾಗ ಮಾತ್ರ ಕಡಿಮೆ. ಜೀನ್ ಚಿಕಿತ್ಸೆಗೆ ಬಳಸುವ ಎಎವಿ ಎಂಬ ವೈರಸ್ಸಿನಲ್ಲಿ ಹಿಡಿಸುವುದು ಸುಮಾರು 4700 ಅಕ್ಷರ ಅಷ್ಟೇ.

ಗಿಡಗಳ ಕಥೆಯೇ ಬೇರೆ. ಪೊರೆಯ ಹೊರಗೆ ಗಟ್ಟಿ ಗೋಡೆ ಬೇರೆ ಇದೆ. ಜಾನ್ ಸ್ಯಾನ್‌ಫೋರ್ಡ್ ಮತ್ತು ಸಂಗಡಿಗರು ಇದಕ್ಕೆ ಬಂದೂಕೇ ಮಾಡಿದರು. ಟಂಗ್‌ಸ್ಟನ್ ಪುಡಿಗೆ ಡಿಎನ್‌ಎ ಸವರಿ ಈರುಳ್ಳಿಯ ಕೋಶಗಳಿಗೆ ಹೊಡೆದರು. ಅದು ಕೆಲಸ ಮಾಡಿತು, 1987ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು ಕೂಡ. ನನ್ನ ಮನಸ್ಸು ಮಾತ್ರ ಆಗ್ರೊಬ್ಯಾಕ್ಟೀರಿಯಂ ಕಡೆಗೆ. ಮಣ್ಣಿನ ಈ ಬ್ಯಾಕ್ಟೀರಿಯಾ ಗಿಡದ ಗಾಯದೊಳಗೆ ತನ್ನ ಡಿಎನ್‌ಎ ತುಂಡೊಂದನ್ನು ಕಳಿಸುತ್ತದೆ. ಗಿಡದಲ್ಲಿ ಗಂಟು ಬೆಳೆಯುತ್ತದೆ. ಆ ಗಂಟು ಓಪೈನ್ ಎಂಬ ವಸ್ತುವನ್ನು ತಯಾರಿಸುತ್ತದೆ. ಗಿಡಕ್ಕೆ ಅದರಿಂದ ಏನೂ ಉಪಯೋಗ ಇಲ್ಲ, ತಿನ್ನುವುದು ಬ್ಯಾಕ್ಟೀರಿಯಾ. ಗಿಡದ ಕೈಯಲ್ಲೇ ತನಗೆ ಅಡುಗೆ ಮಾಡಿಸಿಕೊಳ್ಳುವ ಕಿಲಾಡಿ. 1977ರಲ್ಲಿ ಮೇರಿ-ಡೆಲ್ ಚಿಲ್ಟನ್ ತಂಡ ಆ ತುಂಡು ಗಿಡದ ಕೋಶದಲ್ಲಿ ಇರುವುದನ್ನು ತೋರಿಸಿತು. ಗಂಟು ತರುವ ಜೀನುಗಳನ್ನು ತೆಗೆದು ನಮಗೆ ಬೇಕಾದ್ದನ್ನು ಅಲ್ಲಿಟ್ಟರೆ ಆಯಿತು, ಉಳಿದ ಕೆಲಸ ಅದರದು.

ಈಗ ನಾನು ಮಾಡುತ್ತಿರುವುದು ಅದನ್ನೇ, ಲ್ಯಾಬುಗಳಲ್ಲಿ ಪ್ರಯೋಗಕ್ಕೆ ಬಳಸುವ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ. ಕ್ಲಫ್ ಮತ್ತು ಬೆಂಟ್ 1998ರಲ್ಲಿ ಬರೆದ ವಿಧಾನ ನೋಡಿದರೆ ತಮಾಷೆ ಅನ್ನಿಸುತ್ತದೆ. 5 ಶೇಕಡಾ ಸಕ್ಕರೆ ನೀರಿನಲ್ಲಿ ಬ್ಯಾಕ್ಟೀರಿಯಾ ಕದಡಿ, ಸೋಪಿನಂಥ ದ್ರವ ಒಂದೆರಡು ಹನಿ ಹಾಕಿ, ಹೂಬಿಟ್ಟ ಗಿಡವನ್ನು ತಲೆಕೆಳಗು ಮಾಡಿ ಅದ್ದುವುದು. ಐಸ್ ಇಲ್ಲ, ಕರೆಂಟ್ ಇಲ್ಲ, ಎಣಿಸುವ ಸೆಕೆಂಡುಗಳಿಲ್ಲ. ಆಮೇಲೆ ಬೀಜ ಒಣಗುವ ತನಕ ವಾರಗಟ್ಟಲೆ ಕಾಯುವುದು. ನೂರು ಬೀಜಕ್ಕೆ ಒಂದು ಸಿಕ್ಕರೆ ಅದೃಷ್ಟ. ಕ್ಯಾನಮೈಸಿನ್ ಪ್ಲೇಟಿನ ಮೇಲೆ ಬೀಜ ಚೆಲ್ಲಿದರೆ ಎಲ್ಲವೂ ಮೊಳೆಯುತ್ತವೆ, ಕೆಲವು ದಿನದಲ್ಲಿ ಹೆಚ್ಚಿನವು ಬಿಳಿಚಿಕೊಳ್ಳುತ್ತವೆ. ಹಸಿರಾಗಿ ಉಳಿದವು ನಮ್ಮವು.

ಇವತ್ತು ಬೆಳಿಗ್ಗೆ ಎಣಿಸಿದೆ. ಸಾವಿರ ಬೀಜದ ಪ್ಲೇಟಿನಲ್ಲಿ ಏಳು ಹಸಿರು. ಎಣಿಸುವ ಮೊದಲು ಪ್ಲೇಟ್ ತಿರುಗಿಸಿ, ಅಂಚಿನಲ್ಲಿ ಕ್ಯಾನಮೈಸಿನ್ ಅಂತ ನನ್ನ ಕೈಯಲ್ಲೇ ಬರೆದಿದ್ದನ್ನು ಎರಡು ಸಲ ಓದಿಕೊಂಡೆ.