ರಿಪ್ಲಿಯ ಮುಖ, ಎರಡು ಡಿಸ್ಕುಗಳಲ್ಲಿ

ಜೇಮ್ಸ್ ಕ್ಯಾಮರೂನ್ ನಿರ್ದೇಶನದ ಬಾಹ್ಯಾಕಾಶದ ಭಯಾನಕ ಚಿತ್ರ ‘ಏಲಿಯನ್ಸ್’ ತೆರೆಗೆ ಬಂದದ್ದು 1986ರಲ್ಲಿ. ಅದರ 4ಕೆ ಡಿಸ್ಕ್, ಎಂದರೆ ಬ್ಲೂ-ರೇಗಿಂತ ಹೆಚ್ಚು ವಿವರ ಹಿಡಿಸುವ ಡಿಸ್ಕ್, ಅಮೆರಿಕದ ಅಂಗಡಿಗಳಿಗೆ ಬಂದದ್ದು 2024ರ ಮಾರ್ಚ್‌ನಲ್ಲಿ. ಇಷ್ಟು ವರ್ಷ ಕಾದಿದ್ದ ಅಭಿಮಾನಿಗಳು ಡಿಸ್ಕ್ ಕೈಗೆ ಬಂದ ಕೂಡಲೇ ಸಂಭ್ರಮಿಸಬೇಕಿತ್ತು. ಆದರೆ ಅಂದಿನಿಂದ ಇಂದಿನವರೆಗೂ ಅವರಲ್ಲಿ ಜಗಳ ನಿಂತಿಲ್ಲ. ನ್ಯೂಜಿಲೆಂಡಿನ ಪಾರ್ಕ್ ರೋಡ್ ಪೋಸ್ಟ್ ಸಂಸ್ಥೆಯಲ್ಲಿ ಯಂತ್ರಕಲಿಕೆಯ ತಂತ್ರಾಂಶ ಬಳಸಿ ಚಿತ್ರದ ಗ್ರೇನ್ (ಫಿಲ್ಮಿನಲ್ಲಿ ತೆಗೆದ ಚಿತ್ರದಲ್ಲಿ ಕಾಣುವ ಸಣ್ಣ ಚುಕ್ಕೆಗಳು) ತೆಗೆದು, ಅಂಚುಗಳನ್ನು ಚೂಪುಗೊಳಿಸಿದ ಈ ಪ್ರತಿ ಬೆರಗು ಹುಟ್ಟಿಸುವಷ್ಟು ಸ್ವಚ್ಛವಾಗಿದೆ ಎಂದು ಕೆಲವರು, ಇದು ನಾವು ಪ್ರೀತಿಸಿದ ಚಿತ್ರವೇ ಅಲ್ಲ ಎಂದು ಕೆಲವರು. ಸಾವಿರಾರು ಮೈಲಿ ದೂರದ ಈ ವಾದ ಕಳೆದ ಮಳೆಗಾಲದ ಒಂದು ಭಾನುವಾರ ಚಿಕ್ಕಮಗಳೂರಿನ ನಮ್ಮ ಗೆಳೆಯರ ಗುಂಪಿನಲ್ಲೂ ನಡೆಯಿತು, ಮತ್ತು ಆ ದಿನ ಕೇಳಿದ ಮಾತುಗಳಿಂದ ಈ ವಿಷಯದಲ್ಲಿ ನನ್ನ ನಿಲುವು ಗಟ್ಟಿಯಾಯಿತು.

ನಾವು ಸೇರಿದ್ದು ರತ್ನಗಿರಿ ಬೋರೆಯ ಹತ್ತಿರ ಇರುವ ಗೆಳೆಯನ ಮನೆಯಲ್ಲಿ. ಆತ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವನು. ಮಹಡಿಯ ಮೇಲಿನ ಕೋಣೆಗೆ ಕಪ್ಪು ಪರದೆ ಕಟ್ಟಿ, ಪ್ರೊಜೆಕ್ಟರ್ ಇಟ್ಟು, ಕರೆಂಟು ಹೋದರೂ ಚಿತ್ರ ನಿಲ್ಲದಂತೆ ಯುಪಿಎಸ್ ಜೋಡಿಸಿಕೊಂಡಿದ್ದಾನೆ. ಅಮೆರಿಕದಲ್ಲಿರುವ ಅವನ ಅಕ್ಕ ರಜೆಗೆ ಬರುವಾಗ ಈ ಡಿಸ್ಕ್ ತಂದುಕೊಟ್ಟಿದ್ದರು. ಹಳೆಯ ಬ್ಲೂ-ರೇಗಳಿಗಿರುವ ಪ್ರದೇಶವಾರು ನಿರ್ಬಂಧ 4ಕೆ ಡಿಸ್ಕುಗಳಿಗೆ ಇಲ್ಲದ್ದರಿಂದ ಅದು ನಮ್ಮ ಪ್ಲೇಯರಿನಲ್ಲಿ ತಕರಾರಿಲ್ಲದೆ ಓಡಿತು. ಹೋಲಿಸಿ ನೋಡಲು 2010ರ ಬ್ಲೂ-ರೇ ಕೂಡ ಅವನ ಬಳಿ ಇತ್ತು. ಮದುವೆಯ ಫೋಟೊ ತೆಗೆಯುವ ಸ್ಟುಡಿಯೊ ಗೆಳೆಯ, ಬೆಂಗಳೂರಿನ ಕಂಪನಿಯೊಂದಕ್ಕೆ ಊರಿನಿಂದಲೇ ಕೆಲಸ ಮಾಡುವ ಪಕ್ಕದ ಮನೆಯ ಹುಡುಗಿ, ರೀಲಿನ ಕಾಲದುದ್ದಕ್ಕೂ ಟಾಕೀಸಿನಲ್ಲಿ ಆಪರೇಟರ್ ಆಗಿದ್ದ ಹಿರಿಯರು, ಇವರ ಜೊತೆಗೆ ನಾನು. ಆ ಹಿರಿಯರನ್ನು ಊರಿನಲ್ಲಿ ಇಂದಿಗೂ ಎಲ್ಲರೂ ಆಪರೇಟರ್ ಅಣ್ಣ ಎಂದೇ ಕರೆಯುತ್ತಾರೆ.

ಮೊದಲು ನಡೆದ ಚರ್ಚೆ ಯಾವ ಆವೃತ್ತಿ ನೋಡಬೇಕೆಂಬುದರ ಬಗ್ಗೆ. ಚಿತ್ರಮಂದಿರದಲ್ಲಿ ತೆರೆಕಂಡ ‘ಏಲಿಯನ್ಸ್’ 137 ನಿಮಿಷದ್ದು. ಆಮೇಲೆ ಬಂದ ವಿಶೇಷ ಆವೃತ್ತಿ 154 ನಿಮಿಷದ್ದು. ಹೆಚ್ಚುವರಿ ದೃಶ್ಯಗಳಲ್ಲಿ ನನಗೆ ಬಹಳ ಮುಖ್ಯವೆನಿಸುವುದು ನಾಯಕಿ ರಿಪ್ಲಿಯ ಮಗಳ ಪ್ರಸಂಗ. ಐವತ್ತೇಳು ವರ್ಷ ನೌಕೆಯಲ್ಲಿ ದೀರ್ಘನಿದ್ರೆಯಲ್ಲಿದ್ದು ಎಚ್ಚೆತ್ತ ರಿಪ್ಲಿಗೆ, ಹನ್ನೊಂದನೆಯ ಹುಟ್ಟುಹಬ್ಬದ ಹೊತ್ತಿಗೆ ಮನೆಗೆ ಬರುತ್ತೇನೆಂದು ಮಾತು ಕೊಟ್ಟಿದ್ದ ಮಗಳು ಅರವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದಾಳೆಂದು ಗೊತ್ತಾಗುತ್ತದೆ. ಈ ದೃಶ್ಯ ಇಲ್ಲದೆ ಹೋದರೆ ಮುಂದೆ ರಿಪ್ಲಿ ನ್ಯೂಟ್ ಎಂಬ ಅನಾಥ ಮಗುವಿಗಾಗಿ ಪ್ರಾಣ ಪಣಕ್ಕಿಡುವುದರ ತೂಕ ಕಡಿಮೆಯಾಗುತ್ತದೆ ಎಂದು ನಾನು ವಾದಿಸಿದೆ. ಮನೆಯಾತ ಅದನ್ನು ಒಪ್ಪಲಿಲ್ಲ. ವಿಶೇಷ ಆವೃತ್ತಿಯಲ್ಲಿ, ಏಲಿಯನ್‌ಗಳಿಗೆ ಬಲಿಯಾಗುವ ಮನುಷ್ಯರ ವಸಾಹತಿನ ಜನರನ್ನು ಮೊದಲೇ ತೋರಿಸಿಬಿಡುವುದರಿಂದ, ಸೈನಿಕರು ಅಲ್ಲಿ ಕಾಲಿಟ್ಟಾಗ ಇರಬೇಕಾದ ಭಯ ಕರಗಿಹೋಗುತ್ತದೆ ಎಂಬುದು ಅವನ ವಾದ, ಮತ್ತು ಅದರಲ್ಲಿ ಹುರುಳಿದೆ. ಎರಡೂ ಆವೃತ್ತಿಗಳು ಒಂದೇ ಡಿಸ್ಕಿನಲ್ಲಿ ಇದ್ದುದರಿಂದ ಈ ಚರ್ಚೆ ಕಾಫಿ ಮುಗಿಯುವಷ್ಟರಲ್ಲಿ ಮುಗಿಯಿತು: ಈ ಸಲ ಉದ್ದದ್ದು, ಮುಂದಿನ ಸಲ ಚಿಕ್ಕದ್ದು.

ಜಗಳ ಹತ್ತಿದ್ದು ಚಿತ್ರ ಶುರುವಾಗಿ ಅದೇ ಮಗಳ ಪ್ರಸಂಗ ಬಂದಾಗ. ಬಾಹ್ಯಾಕಾಶ ನಿಲ್ದಾಣದಲ್ಲಿ ಗೋಡೆಯಗಲದ ಪರದೆಯೊಂದರ ಮೇಲೆ ಮರಗಿಡಗಳ ನೋಟ ಮೂಡಿದೆ. ಅದರ ಮುಂದಿನ ಬೆಂಚಿನಲ್ಲಿ ಕುಳಿತ ರಿಪ್ಲಿಯ ಕೈಗೆ ವಯಸ್ಸಾದ ಮಗಳ ಚಿತ್ರ ಬರುತ್ತದೆ. ಆ ಚಿತ್ರದಲ್ಲಿರುವ ಮುಖ ನಟಿ ಸಿಗೋರ್ನಿ ವೀವರ್ ಅವರ ಸ್ವಂತ ತಾಯಿ ಎಲಿಜಬೆತ್ ಇಂಗ್ಲಿಸ್ ಅವರದು. ಮಗಳ ಪಾತ್ರದ ಚಿತ್ರಕ್ಕೆ ತಾಯಿಯ ಮುಖ ಕೊಟ್ಟಿರುವ ಈ ಸಂಗತಿ ತಿಳಿದವರು ಆ ದೃಶ್ಯದಲ್ಲಿ ಮುಖಗಳನ್ನು ಹತ್ತಿರದಿಂದ ನೋಡದೆ ಇರಲಾರರು. ಮನೆಯಾತ ಅಲ್ಲಿ ಚಿತ್ರ ನಿಲ್ಲಿಸಿದ. ಹೊಸ ಡಿಸ್ಕಿನಲ್ಲಿ ರಿಪ್ಲಿಯ ಕೆನ್ನೆ ನುಣುಪಾಗಿತ್ತು, ಹಣೆಯ ಮೇಲಿನ ಕೂದಲಿನ ಅಂಚು ಪೆನ್ಸಿಲಿನಿಂದ ತೀಡಿದಂತೆ ಎದ್ದು ಕಾಣುತ್ತಿತ್ತು, ಆದರೆ ಅದರ ಹಿಂದಿನ ಕೂದಲೆಲ್ಲ ಒಂದೇ ಮುದ್ದೆಯಾಗಿತ್ತು. ಡಿಸ್ಕ್ ಬದಲಿಸಿ ಹಳೆಯ ಬ್ಲೂ-ರೇಯಲ್ಲಿ ಅದೇ ಜಾಗಕ್ಕೆ ಹೋದೆವು. ಅಲ್ಲಿ ನೆರಳಿನ ಭಾಗ ಅಷ್ಟು ತಿಳಿಯಾಗಿರಲಿಲ್ಲ, ಆದರೆ ಕಣ್ಣಿನ ಕೆಳಗಿನ ಚರ್ಮದ ಸಣ್ಣ ಮಡಿಕೆಗಳಲ್ಲಿ ನಿದ್ದೆಗೆಟ್ಟ ಹೆಂಗಸಿನ ಆಯಾಸ ಕಾಣುತ್ತಿತ್ತು.

ಸ್ಟುಡಿಯೊ ಗೆಳೆಯ ತಕ್ಷಣವೇ, “ಇದು ನಮ್ಮ ಆಲ್ಬಮ್ ಕೆಲಸ” ಎಂದ. ಮದುವೆ ಮನೆಯವರು ಮುಖದ ಮೇಲೆ ಒಂದು ಕಲೆಯೂ ಇರಬಾರದು ಎಂದು ಕೇಳುತ್ತಾರೆ, ಮೊದಲು ಗಂಟೆಗಟ್ಟಲೆ ಕುಳಿತು ಕೈಯಲ್ಲಿ ತಿದ್ದುತ್ತಿದ್ದುದನ್ನು ಈಗ ತಂತ್ರಾಂಶ ಕ್ಷಣದಲ್ಲಿ ಮಾಡುತ್ತದೆ, ಆದರೆ ಅದು ಕಲೆ ಯಾವುದು, ಚರ್ಮದ ರಂಧ್ರ ಯಾವುದು ಎಂದು ಬಲ್ಲದು ಅಂದುಕೊಳ್ಳಬೇಡಿ. ತನಗೆ ಸ್ಪಷ್ಟವಾಗಿ ಕಾಣದ ಜಾಗದಲ್ಲಿ ಹೀಗಿರಬಹುದು ಎಂದು ಊಹಿಸಿ ತುಂಬುತ್ತದೆ ಎಂದು ವಿವರಿಸಿದ. ಗ್ರೇನ್ ಎಂಬುದು ಫಿಲ್ಮಿನ ಮೇಲೆ ಕುಳಿತ ಧೂಳಲ್ಲ. ಬೆಳಕಿಗೆ ಸ್ಪಂದಿಸುವ ಸಿಲ್ವರ್ ಹ್ಯಾಲೈಡ್ ಹರಳುಗಳಿಂದಲೇ ಫಿಲ್ಮಿನಲ್ಲಿ ಚಿತ್ರ ಮೂಡುತ್ತದೆ. ಬಣ್ಣದ ಫಿಲ್ಮನ್ನು ಸಂಸ್ಕರಿಸುವಾಗ ಬೆಳ್ಳಿಯನ್ನು ತೊಳೆದು ತೆಗೆದ ಮೇಲೆ ಆ ಹರಳುಗಳಿದ್ದ ಕಡೆ ಬಣ್ಣದ ಚುಕ್ಕೆಗಳು ಉಳಿಯುತ್ತವೆ. ಕಡಿಮೆ ಬೆಳಕಿನಲ್ಲಿ ಚಿತ್ರೀಕರಿಸಲು ಹೆಚ್ಚು ವೇಗದ, ಎಂದರೆ ಬೆಳಕಿಗೆ ಬೇಗ ಸ್ಪಂದಿಸುವ, ಫಿಲ್ಮ್ ಬಳಸಿದರೆ ಈ ಚುಕ್ಕೆಗಳು ದಪ್ಪಗಾಗಿ ಕಾಣುತ್ತವೆ. ಕತ್ತಲ ಓಣಿಗಳಲ್ಲೇ ನಡೆಯುವ ‘ಏಲಿಯನ್ಸ್’ ತನ್ನ ಕಾಲದ ಚಿತ್ರಗಳಲ್ಲೇ ಹೆಚ್ಚು ಗ್ರೇನ್ ಇದ್ದ ಚಿತ್ರವೆಂದು ಹೆಸರಾಗಿತ್ತು. ಹಾಗಾಗಿ ಅದನ್ನು ಪೂರ್ತಿ ಅಳಿಸಹೊರಟರೆ, ಚಿತ್ರದ ವಿವರವನ್ನೂ ಸ್ವಲ್ಪ ಕೊಟ್ಟೇ ಅಳಿಸಬೇಕಾಗುತ್ತದೆ.

ಅಲ್ಲಿಯವರೆಗೆ ಸುಮ್ಮನೆ ನೋಡುತ್ತಿದ್ದ ಆಪರೇಟರ್ ಅಣ್ಣ ಆಗ ಹೇಳಿದ ಮಾತನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ. “ನೀವು ಯಾಕೆ ನಿಲ್ಲಿಸಿ ನಿಲ್ಲಿಸಿ ನೋಡ್ತೀರಿ? ಓಡಿಸಿ ನೋಡಿ. ನಮ್ಮ ಮಿಷನ್ನಿನಲ್ಲಿ ರೀಲು ನಿಂತರೆ ಬೆಳಕಿನ ಕಾವಿಗೆ ಅಲ್ಲೇ ಸುಟ್ಟು ಹೋಗ್ತಿತ್ತು. ನಿಂತ ಚಿತ್ರ ಅನ್ನೋದನ್ನ ನಾನು ನೋಡಿದವನೇ ಅಲ್ಲ.” ಅವರ ಮಾತಿನಂತೆ ಎರಡೂ ಡಿಸ್ಕುಗಳಲ್ಲಿ ಆ ದೃಶ್ಯವನ್ನು ನಿಲ್ಲಿಸದೆ ಓಡಿಸಿದೆವು. ವ್ಯತ್ಯಾಸ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆವು, ಹೆಚ್ಚಾಯಿತು. ಸೆಕೆಂಡಿಗೆ 24 ಫ್ರೇಮುಗಳಂತೆ ಓಡುವಾಗ ಪ್ರತಿ ಫ್ರೇಮಿನಲ್ಲೂ ಗ್ರೇನ್ ಬೇರೆ ಬೇರೆ ಕಡೆ ಬೀಳುವುದರಿಂದ ಕಣ್ಣಿಗೆ ಅದು ಚುಕ್ಕೆಯಾಗಿ ಕಾಣದೆ, ಬರೀ ಗೋಡೆ, ಬರೀ ಕತ್ತಲು ಇರುವ ಜಾಗವೂ ಜೀವಂತವಾಗಿ ಮಿಸುಕುತ್ತಿರುವ ಹಾಗೆ ಕಾಣುತ್ತದೆ. ಹೊಸ ಡಿಸ್ಕಿನಲ್ಲಿ ರಿಪ್ಲಿಯ ತುಟಿ ಮಾತ್ರ ಅಲುಗಾಡುತ್ತಿತ್ತು, ಕೆನ್ನೆ ಅಲುಗದೆ ಕುಳಿತಿತ್ತು.

ಆದರೆ ಆಪರೇಟರ್ ಅಣ್ಣ ನನ್ನ ಪಕ್ಷ ವಹಿಸಲಿಲ್ಲ. ಟಾಕೀಸಿನಲ್ಲಿ ಜನ ನೋಡುತ್ತಿದ್ದುದು ನೆಗೆಟಿವನ್ನಲ್ಲ, ನೆಗೆಟಿವಿನಿಂದ ಒಂದು ಪಾಸಿಟಿವ್, ಅದರಿಂದ ಇನ್ನೊಂದು ನೆಗೆಟಿವ್, ಅದರಿಂದ ತೆಗೆದ ಪ್ರಿಂಟು. ಪ್ರತಿ ಹಂತದಲ್ಲೂ ಚಿತ್ರ ಸ್ವಲ್ಪ ಮಂಕಾಗುತ್ತದೆ. ದೊಡ್ಡ ಊರುಗಳಲ್ಲಿ ಓಡಿ ಓಡಿ ಸವೆದ ಪ್ರಿಂಟು ರೀಲಿನ ಡಬ್ಬದಲ್ಲಿ ನಮ್ಮೂರಿಗೆ ಬರುವ ಹೊತ್ತಿಗೆ ಮೈತುಂಬ ಗೀರು, ಅಲ್ಲಲ್ಲಿ ಅಂಟಿಸಿದ ತೇಪೆ. ಪರದೆಯ ಬಲ ಮೇಲ್ಮೂಲೆಯಲ್ಲಿ ಬರುವ ಚುಕ್ಕೆ ನೋಡಿ ಎರಡನೆಯ ಮಿಷನ್ ಚಾಲೂ ಮಾಡಿ, ಮುಂದಿನ ಚುಕ್ಕೆಗೆ ಚೇಂಜ್ ಓವರ್, ಎಂದರೆ ಚಿತ್ರವನ್ನು ಆ ಮಿಷನ್ನಿಗೆ ಬದಲಿಸುವುದು, ಮಾಡಬೇಕು. ಎಷ್ಟೋ ಪ್ರಿಂಟುಗಳಲ್ಲಿ ಆ ಚುಕ್ಕೆಯ ಭಾಗವೇ ಹರಿದುಹೋಗಿರುತ್ತಿತ್ತು. ಹಾಗಾದರೆ ಮೂಲ ಎಂದು ನೀವು ಕೇಳುವುದು ಯಾವುದನ್ನು ಎಂದು ಅವರು ಕೇಳಿದರು. ಇದು ಹಾರಿಕೆಯ ಪ್ರಶ್ನೆಯಲ್ಲ. ಈ ವಾದದಲ್ಲಿ ತೊಡಗುವ ಪ್ರತಿಯೊಬ್ಬರೂ ಎದುರಿಸಬೇಕಾದ ಪ್ರಶ್ನೆ. ನನ್ನ ಉತ್ತರ ಇಷ್ಟು: ಗೀರು ಪ್ರಿಂಟಿಗೆ ಪ್ರಯಾಣದಲ್ಲಿ ಬಂದದ್ದು, ಗ್ರೇನ್ ಚಿತ್ರಕ್ಕೆ ಕ್ಯಾಮರಾದೊಳಗೇ ಬಂದದ್ದು. ಛಾಯಾಗ್ರಾಹಕ ಏಡ್ರಿಯನ್ ಬಿಡಲ್ ಯಾವ ಫಿಲ್ಮಿನಲ್ಲಿ ಎಷ್ಟು ಬೆಳಕಿಟ್ಟು ತೆಗೆದರೋ ಅದರ ಗುರುತು ಅದು. ಮೊದಲನೆಯದನ್ನು ಒರೆಸುವುದು ದುರಸ್ತಿ, ಎರಡನೆಯದನ್ನು ಒರೆಸುವುದು ಮರುಬರವಣಿಗೆ.

ಪಕ್ಕದ ಮನೆಯ ಹುಡುಗಿ ಆ ದಿನ ನಮ್ಮೆಲ್ಲರಿಗಿಂತ ಬಲವಾದ ವಾದ ಮಂಡಿಸಿದಳು. “ಅಂಕಲ್, ಮರುಬರವಣಿಗೆ ಅಂತಲೇ ಇಟ್ಟುಕೊಳ್ಳಿ, ಬರೆದವರೇ ತಿದ್ದಿದರೆ ನೀವು ಬೇಡ ಅನ್ನೋದು ಹೇಗೆ? ಆ ಗ್ರೇನ್ ಕ್ಯಾಮರೂನ್‌ಗೇ ಇಷ್ಟ ಇರಲಿಲ್ಲವಲ್ಲ?” ಅವಳು ಹೇಳಿದ್ದು ನಿಜ. ನಾವು ಹಳೆಯದೆಂದು ಹಿಡಿದುಕೊಂಡಿದ್ದ 2010ರ ಬ್ಲೂ-ರೇಯಲ್ಲೂ ಕ್ಯಾಮರೂನ್ ಅವರೇ ಮುಂದೆ ನಿಂತು ಗ್ರೇನ್ ಇಳಿಸಿದ್ದರು. 2024ರ ಡಿಸ್ಕನ್ನು ಟೀಕಿಸಿದವರಿಗೂ ಅವರು ಖಾರವಾಗಿಯೇ ಉತ್ತರ ಕೊಟ್ಟರು. ಇದಕ್ಕೆ ಹೋಲಿಸಿದರೆ 1987ರ ‘ಪ್ರೆಡೇಟರ್’ ಚಿತ್ರದ ಪ್ರಸಂಗ ಸುಲಭದ್ದು: 2010ರ ಬ್ಲೂ-ರೇಯಲ್ಲಿ ಗ್ರೇನ್ ಅಳಿಸಿ ಆರ್ನಾಲ್ಡ್ ಶ್ವಾರ್ಜನೆಗ್ಗರ್ ಮುಖವನ್ನು ಮೇಣದ ಬೊಂಬೆಯ ಮುಖ ಮಾಡಿದ್ದರು, ಅಭಿಮಾನಿಗಳು ಅದನ್ನು ಒಪ್ಪಲಿಲ್ಲ, 2018ರ 4ಕೆ ಡಿಸ್ಕಿನಲ್ಲಿ ಗ್ರೇನ್ ಮರಳಿ ಬಂತು. ‘ಏಲಿಯನ್ಸ್’ ವಿಷಯದಲ್ಲಿ ತಿದ್ದಿದವರು ಸ್ವತಃ ನಿರ್ದೇಶಕರು.

ಈ ಪ್ರಶ್ನೆಗೆ ನನಗೆ ಕಾಣುವ ಉತ್ತರ ಜಾರ್ಜ್ ಲ್ಯೂಕಸ್ ಅವರ ಇತಿಹಾಸದಲ್ಲಿದೆ. ಹಳೆಯ ಕಪ್ಪು-ಬಿಳುಪು ಚಿತ್ರಗಳಿಗೆ ಬಣ್ಣ ಹಚ್ಚುವ ವಿವಾದ ಅಮೆರಿಕದಲ್ಲಿ ಜೋರಾಗಿದ್ದ 1988ರಲ್ಲಿ ಲ್ಯೂಕಸ್ ಅಲ್ಲಿನ ಸಂಸತ್ತಿನ ಮುಂದೆ ಹೋಗಿ, ಚಿತ್ರಗಳನ್ನು ಹೀಗೆ ಬದಲಿಸಲು ಬಿಡಬಾರದು ಎಂದು ವಾದಿಸಿದ್ದರು. ಅದೇ ಲ್ಯೂಕಸ್ 1997ರಲ್ಲಿ ತಮ್ಮ ‘ಸ್ಟಾರ್ ವಾರ್ಸ್’ ಚಿತ್ರಕ್ಕೆ ಹೊಸ ದೃಶ್ಯ, ಹೊಸ ಗ್ರಾಫಿಕ್ಸ್ ಸೇರಿಸಿದರು. ಅಭಿಮಾನಿಗಳು 1977ರ ಮೂಲ ಚಿತ್ರ ಬೇಕೆಂದು ಒತ್ತಾಯಿಸಿದಾಗ 2006ರಲ್ಲಿ ಅದನ್ನು ಡಿವಿಡಿಯ ಹೆಚ್ಚುವರಿ ಡಿಸ್ಕಾಗಿ ಕೊಟ್ಟರು, ಅದೂ 1993ರ ಲೇಸರ್ ಡಿಸ್ಕಿಗೆಂದು ತಯಾರಿಸಿದ್ದ ಪ್ರತಿಯಿಂದ, ಅಗಲ ಟಿವಿಯಲ್ಲಿ ಪರದೆ ತುಂಬದ ಹಾಗೆ. ನಿರ್ದೇಶಕರಿಗೆ ತಿದ್ದುವ ಹಕ್ಕಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜನ ದುಡ್ಡು ಕೊಟ್ಟು ನೋಡಿ, ನೆನಪಿನಲ್ಲಿಟ್ಟುಕೊಂಡು, ಮಕ್ಕಳಿಗೆ ಕಥೆ ಹೇಳಿದ ಚಿತ್ರವನ್ನು ಸಿಗದಂತೆ ಮಾಡುವ ಹಕ್ಕು ತಿದ್ದುವ ಹಕ್ಕಿನೊಳಗೆ ಸೇರುವುದಿಲ್ಲ.

ರಿಡ್ಲಿ ಸ್ಕಾಟ್ ಅವರ ‘ಬ್ಲೇಡ್ ರನ್ನರ್’ 2007ರಲ್ಲಿ ಬಂದ ರೀತಿಯನ್ನು ನಾನು ಅವಳಿಗೆ ಹೇಳಿದೆ. ಸ್ಕಾಟ್ ತಮಗೆ ತೃಪ್ತಿಯಾದ ಅಂತಿಮ ಆವೃತ್ತಿ ಮಾಡಿದರು; ಆದರೆ ಐದು ಡಿಸ್ಕುಗಳ ಅದೇ ಪೆಟ್ಟಿಗೆಯಲ್ಲಿ 1982ರಲ್ಲಿ ಅಮೆರಿಕದಲ್ಲಿ ತೆರೆಕಂಡದ್ದು, ಬೇರೆ ದೇಶಗಳಲ್ಲಿ ತೆರೆಕಂಡದ್ದು, 1992ರ ನಿರ್ದೇಶಕರ ಆವೃತ್ತಿ, ಬಿಡುಗಡೆಗೂ ಮುಂಚಿನ ಕರಡು ಪ್ರತಿ ಎಲ್ಲವೂ ಇದ್ದವು. ನಾಯಕ ಹ್ಯಾರಿಸನ್ ಫೋರ್ಡ್ ಅವರ ಹಿನ್ನೆಲೆ ನಿರೂಪಣೆ ಬೇಕೆನ್ನುವವರು ಅದನ್ನು ಕೇಳಬಹುದು, ಬೇಡವೆನ್ನುವವರು ಬಿಡಬಹುದು. ಆ ಚಿತ್ರದ ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ, ಆದರೆ ಪೆಟ್ಟಿಗೆಯಲ್ಲಿರುವುದನ್ನೆಲ್ಲ ನೋಡಿ ವಾದಿಸುತ್ತಾರೆ. ನಮ್ಮ ಮನೆಯ ವಾದವೂ ಹಾಗೆಯೇ ಇತ್ತಲ್ಲವೇ? 137 ನಿಮಿಷವೋ 154 ನಿಮಿಷವೋ ಎಂಬ ಚರ್ಚೆ ಕಾಫಿಯೊಂದಿಗೆ ಮುಗಿದಿತ್ತು, ಗ್ರೇನಿನ ಚರ್ಚೆಗೆ ಧ್ವನಿ ಏರಿತ್ತು. ಮೊದಲನೆಯದರಲ್ಲಿ ಎರಡೂ ನಮ್ಮ ಕೈಯಲ್ಲಿದ್ದವು. ಎರಡನೆಯದರಲ್ಲಿ ನೆಗೆಟಿವಿನಲ್ಲಿ ಇರುವಂತೆಯೇ ತೆಗೆದ 4ಕೆ ಪ್ರತಿ ಯಾರ ಕೈಯಲ್ಲೂ ಇಲ್ಲ.

ಮನೆಯಾತ ಇದಕ್ಕೆ ಇನ್ನೊಂದು ಕಾರಣ ಸೇರಿಸಿದ. ಗ್ರೇನ್ ಪ್ರತಿ ಫ್ರೇಮಿನಲ್ಲೂ ಹೊಸದಾಗಿರುವುದರಿಂದ ಅದನ್ನು ಕಂಪ್ರೆಸ್ ಮಾಡುವುದು ಬಹಳ ಕಷ್ಟ. ನೂರು ಜಿಬಿವರೆಗೆ ಹಿಡಿಸುವ 4ಕೆ ಡಿಸ್ಕಿನಲ್ಲಿ ಅದಕ್ಕೆ ಜಾಗವಿದೆ, ಇಂಟರ್ನೆಟ್‌ನಲ್ಲಿ ಹರಿಸುವ ಚಿತ್ರದಲ್ಲಿ ಅಷ್ಟು ಇರುವುದಿಲ್ಲ. ಗ್ರೇನನ್ನು ಉಳಿಸಬಲ್ಲ ಡಿಸ್ಕಿಗೂ ಗ್ರೇನ್ ತೆಗೆದ ಪ್ರತಿಯನ್ನೇ ಕೊಟ್ಟರೆ ಇನ್ನೆಲ್ಲಿ ನೋಡುವುದು ಎಂಬುದು ಅವನ ಪ್ರಶ್ನೆ.

ಮಾತು ಅಲ್ಲಿಂದ ನಮ್ಮ ಚಿತ್ರಗಳಿಗೆ ಬಂತು. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತೊಟ್ಟು ಮತ್ತೆ ಟಾಕೀಸಿಗೆ ಬಂದಾಗ ನಾವೆಲ್ಲ ಸಂತೋಷದಿಂದ ಹೋಗಿ ನೋಡಿದವರೇ ಎಂದು ಹುಡುಗಿ ನೆನಪಿಸಿದಳು. ನಿಜವೇ, ಅಪ್ಪನ ಜೊತೆ ಹೋಗಿ ಬಣ್ಣದ ‘ಕಸ್ತೂರಿ ನಿವಾಸ’ ನೋಡಿದ್ದೇನೆ, ಅವರ ಪಕ್ಕದಲ್ಲಿ ಕುಳಿತು ಅತ್ತಿದ್ದೇನೆ. ಆದರೆ ಕಪ್ಪು-ಬಿಳುಪಿನ ‘ಕಸ್ತೂರಿ ನಿವಾಸ’ ಇಂದಿಗೂ ನೋಡಲು ಸಿಗುತ್ತದೆ, ಅದಕ್ಕೇ ಬಣ್ಣದ್ದನ್ನು ಕಂಡರೆ ನನಗೆ ಸಿಟ್ಟಿಲ್ಲ. ಸಿಗದೆ ಹೋಗುವುದೆಂದರೆ ಏನೆಂದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ: ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಪ್ರತಿ ಉಳಿದಿಲ್ಲ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರದು, ‘ಸ್ಟಾರ್ ವಾರ್ಸ್’ ಬಂದ ವರ್ಷದ್ದೇ. ಅದನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಪುನರುಜ್ಜೀವನಗೊಳಿಸಿದ್ದು, ಅದರ ಹೊಸ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು, ಮತ್ತು ಆ ಕೆಲಸಕ್ಕೆ ಹಣ ಕೊಟ್ಟವರಲ್ಲಿ ಲ್ಯೂಕಸ್ ಕುಟುಂಬದ ಪ್ರತಿಷ್ಠಾನವೂ ಸೇರಿದೆ. ಇದನ್ನು ಕೇಳಿದಾಗ ಆಪರೇಟರ್ ಅಣ್ಣ, “ಅದು ಡಿಸ್ಕಾಗಿ ಬಂದರೆ ನನಗೂ ಹೇಳಿ, ರಾಮಚಂದ್ರ ಅವರ ಕ್ಯಾಮರಾ ಅದು” ಎಂದರು. ಆ ಚಿತ್ರದ ಕಪ್ಪು-ಬಿಳುಪಿನ ಮಲೆನಾಡಿನಲ್ಲಿ ಯಮುನಕ್ಕ ಎಂಬ ಪಾತ್ರದ ಮುಖದ ಮೇಲಿನ ಗ್ರೇನ್ ತೆಗೆದರೆ ಒಪ್ಪುತ್ತೀಯಾ ಎಂದು ನಾನು ಹುಡುಗಿಯನ್ನು ಕೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ತೆಗೆದದ್ದೂ ಇರಲಿ, ತೆಗೆಯದ್ದೂ ಇರಲಿ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೊಡಲಿ” ಎಂದಳು. ಮನೆಯಾತ ಮತ್ತೆ ಹೊಸ ಡಿಸ್ಕನ್ನೇ ಹಾಕಿದ, ಏಕೆಂದರೆ ಅವಳು ಮುಂದಿನ ಕಥೆಯನ್ನು ಅದರಲ್ಲೇ ನೋಡಬೇಕೆಂದಳು, ಮತ್ತು ನಾವೆಲ್ಲ ಅದಕ್ಕೆ ಒಪ್ಪಿದೆವು.